ಎರಡನೆಯ ಹೆಸರಿಗೆ ಜಾಗವಿಲ್ಲದ ಕಾಲಂ

ನಾವು ನೆರವು ಕೇಳಿದ್ದ ಕಂಪನಿಯವರು ಕಳುಹಿಸಿದ್ದ ಅರ್ಜಿ ನಮೂನೆಯಲ್ಲಿ ಪ್ರತಿಯೊಂದು ಗಾಲಿಕುರ್ಚಿಯ ಎದುರಿಗೆ ಒಬ್ಬ ಫಲಾನುಭವಿಯ ಹೆಸರು, ವಿಳಾಸ ಮತ್ತು ಫೋಟೊಗೆ ಮಾತ್ರ ಜಾಗವಿತ್ತು. ಬಳಸಿದ ಸಲಕರಣೆಗಳನ್ನು ಸರಿಮಾಡಿಸಿ ಒಬ್ಬರಾದ ಮೇಲೆ ಒಬ್ಬರಿಗೆ ಕೊಡುವ ನಮ್ಮ ಟ್ರಸ್ಟಿನ ವಹಿಯಲ್ಲಿ 1ನೇ ನಂಬರಿನ ಗಾಲಿಕುರ್ಚಿಯ ಎದುರಿಗೆ ಐದು ಹೆಸರುಗಳಿದ್ದವು. ತೊಡೆಯ ಮೂಳೆ ಮುರಿದುಕೊಂಡಿದ್ದ ಸಾಲಗಾಮೆಯ ಅಜ್ಜಿಯಿಂದ ಹಿಡಿದು ಲಕ್ವ ಹೊಡೆದು ಆರು ತಿಂಗಳು ಮನೆಯಲ್ಲೇ ಉಳಿದ ಆಲೂರಿನ ಲಾರಿ ಚಾಲಕರವರೆಗೆ, ಅದು ಮನೆಯಿಂದ ಮನೆಗೆ ಮೂರು ವರ್ಷ ಓಡಾಡಿತ್ತು. ಫೆಬ್ರವರಿ ಕೊನೆಯ ವಾರದ ಆ ರಾತ್ರಿ ಐವರಲ್ಲಿ ಯಾರ ಹೆಸರನ್ನು ಬರೆಯಬೇಕೆಂದು ತೋಚದೆ, ಕಾಲಂ ಖಾಲಿ ಬಿಟ್ಟು ಮಲಗಿದೆ. ಮರುದಿನ ಹನ್ನೊಂದು ಗಂಟೆಗೆ ಹಾಸನದ ಕೈಗಾರಿಕಾ ಪ್ರದೇಶದಲ್ಲಿರುವ ಆ ಕಂಪನಿಯ ಕಚೇರಿಗೆ ನಾವು ಹೋಗಬೇಕಿತ್ತು.

ನಾವು ಎಂದರೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಮತ್ತು ಬ್ಯಾಂಕಿನಿಂದ ನಿವೃತ್ತರಾದ ನನ್ನ ಗೆಳೆಯರು. ನನ್ನ ತಂದೆಯವರು ತೀರಿಕೊಂಡಾಗ ಅವರು ಬಳಸುತ್ತಿದ್ದ ತಲೆಭಾಗ ಎತ್ತುವ ಮಂಚ, ವಾಕರ್, ಕಮೋಡ್ ಕುರ್ಚಿಗಳು ನಮ್ಮ ಕಾರಿನ ಶೆಡ್ಡಿನಲ್ಲಿ ಉಳಿದವು. ಅವನ್ನು ಬೀದಿಯ ಕೊನೆಯ ಮನೆಯವರು ಕೇಳಿ ಪಡೆದು, ಮೂರು ತಿಂಗಳ ಮೇಲೆ ತೊಳೆದು ತಂದುಕೊಟ್ಟರು. ಅಲ್ಲಿಂದ ಮುಂದೆ ಅಕ್ಕಪಕ್ಕದವರೂ ತಮ್ಮ ಮನೆಯ ಮೂಲೆಯಲ್ಲಿ ಬಿದ್ದಿದ್ದ ಸಾಮಾನುಗಳನ್ನು ತಂದಿಟ್ಟರು. ಶೆಡ್ಡಿನಲ್ಲಿ ಕಾರಿಗೆ ಜಾಗವಿಲ್ಲದಂತಾದಾಗ ನಾವು ಒಂದು ಟ್ರಸ್ಟನ್ನು ನೋಂದಾಯಿಸಿದೆವು.

ಸರ್ಕಾರ ಸಾಧನ-ಸಲಕರಣೆಗಳನ್ನು ಉಚಿತವಾಗಿ ಕೊಡುವಾಗ ನಿಮ್ಮ ಹಳೆಯ ಸಾಮಾನು ಯಾರಿಗೆ ಬೇಕು ಎಂದು ಕೇಳಿದವರಿದ್ದಾರೆ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದ ಇದೆ, ಕಾನ್ಪುರದ ಅಲಿಮ್ಕೋ ಕಾರ್ಖಾನೆಯಲ್ಲಿ ತಯಾರಾದ ಗಾಲಿಕುರ್ಚಿ, ತ್ರಿಚಕ್ರ ಸೈಕಲ್, ಊರುಗೋಲುಗಳನ್ನು ಶಿಬಿರಗಳಲ್ಲಿ ಹಂಚುತ್ತಾರೆ, ಅದರಿಂದ ಉಪಕಾರವಾದವರನ್ನು ನಾನೇ ಬಲ್ಲೆ. ಆದರೆ ಅದಕ್ಕೆ ಶೇಕಡ 40ರ ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಬಚ್ಚಲಲ್ಲಿ ಜಾರಿ ಬಿದ್ದು ಮೂರು ತಿಂಗಳು ನೆಲಕ್ಕೆ ಕಾಲೂರಬಾರದೆಂದು ವೈದ್ಯರು ಹೇಳಿದ ಹೆಂಗಸಿಗೆ ಆ ಪ್ರಮಾಣಪತ್ರ ಸಿಗುವುದಿಲ್ಲ, ಸಿಗಬೇಕಾದ್ದೂ ಇಲ್ಲ. ಇನ್ನು ಒಮ್ಮೆ ಪಡೆದವರು ಅದೇ ಉದ್ದೇಶಕ್ಕೆ ಮತ್ತೆ ನೆರವು ಪಡೆಯಲು 3 ವರ್ಷ, 12 ವರ್ಷದೊಳಗಿನ ಮಕ್ಕಳಾದರೆ 1 ವರ್ಷ ಕಾಯಬೇಕು. ಸಕಲೇಶಪುರ ಕಡೆಯ ತೋಟದ ಲೈನ್ ಮನೆಗಳಿಗೆ ಹೋಗುವ ಜಲ್ಲಿ ರಸ್ತೆಯಲ್ಲಿ ಟೈರು ಅಷ್ಟು ದಿನ ಕಾಯುವುದಿಲ್ಲ.

ಹಾಗೆಂದು ನಮಗೆ ಕುರ್ಚಿಗಳ ಕೊರತೆ ಎಂದೂ ಆಗಿರಲಿಲ್ಲ. ಕೊರತೆಯಾಗುತ್ತಿದ್ದುದು ಕುರ್ಚಿಯನ್ನು ಓಡುವಂತೆ ಇಡುವ ಹಣಕ್ಕೆ. ಮುಂದಿನ ಸಣ್ಣ ಚಕ್ರದ ಅಚ್ಚಿಗೆ ಕೂದಲು, ಸೀರೆಯ ನೂಲು ಸುತ್ತಿಕೊಂಡು ಬೇರಿಂಗ್ ಹಿಡಿದುಕೊಳ್ಳುತ್ತದೆ, ಬ್ರೇಕು ಸಡಿಲವಾಗುತ್ತದೆ, ಸೀಟಿನ ರೆಕ್ಸಿನ್ ತೊಟ್ಟಿಲಿನಂತೆ ಜೋತುಬಿದ್ದರೆ ಕುಳಿತವರ ಸೊಂಟ ಒಂದು ಕಡೆಗೆ ವಾಲಿ, ಬೆನ್ನಿನ ಕೆಳಗೆ ಹುಣ್ಣಾಗುವ ಭಯವಿರುತ್ತದೆ. ವಾಕರಿನ ಕಾಲಿಗೆ ಹಾಕುವ ರಬ್ಬರ್ ಬುಡ ಸಣ್ಣ ವಸ್ತು, ಆದರೆ ಅದು ಸವೆದ ವಾಕರನ್ನು ಕೊಡುವುದಕ್ಕಿಂತ ಕೊಡದಿರುವುದೇ ಕ್ಷೇಮ. ಸಂತೇಪೇಟೆಯ ಸೈಕಲ್ ಅಂಗಡಿಯ ಹಿರಿಯರೊಬ್ಬರು ಇವನ್ನೆಲ್ಲ ಸರಿಮಾಡಿಕೊಡುತ್ತಿದ್ದರು, ಅರ್ಧ ಕೂಲಿ ಪಡೆಯುತ್ತಿದ್ದರು, ಉಳಿದರ್ಧ ಪುಣ್ಯದ ಲೆಕ್ಕ ಎನ್ನುತ್ತಿದ್ದರು. ಪುಣ್ಯದ ಲೆಕ್ಕದಲ್ಲಿ ಒಬ್ಬ ದುಡಿಯುವ ಮನುಷ್ಯನನ್ನು ಎಷ್ಟು ವರ್ಷ ಕೂರಿಸುವುದು ಎಂಬ ಸಂಕೋಚ ನನಗಿತ್ತು.

ಹಿಂದಿರುಗಿ ಬರುವ ಮಂಚಗಳದ್ದು ಬೇರೆಯೇ ಕಥೆ. ತಿಥಿ ಮುಗಿಯುವವರೆಗೆ ಮನೆಯವರು ಫೋನ್ ಮಾಡುವುದಿಲ್ಲ, ನಾವೂ ಮಾಡುವುದಿಲ್ಲ. ಮುಗಿದ ಮರುದಿನ ಮಾತ್ರ ಮಂಚವನ್ನು ಕೂಡಲೇ ಒಯ್ಯಬೇಕೆಂದು ಒತ್ತಾಯಿಸುತ್ತಾರೆ. ಸತ್ತವರು ಮಲಗಿದ್ದ ಮಂಚ ಮನೆಯಲ್ಲಿರುವುದು ಅವರಿಗೆ ಬೇಡ. ಸತ್ತವರು ಮಲಗಿದ್ದ ಮಂಚ ಮನೆಗೆ ಬರುವುದು ಇನ್ನೊಬ್ಬರಿಗೂ ಬೇಡ. ಸೋಪಿನ ನೀರಿನಲ್ಲಿ ತೊಳೆದು, ಬ್ಲೀಚಿಂಗ್ ದ್ರಾವಣದಲ್ಲಿ ಒರೆಸಿ, ಬಿಸಿಲಿಗೆ ಹಾಕಿ, ಬಣ್ಣ ಬಳಿಸಿ ಕೊಡುತ್ತೇವೆ. ಮೊದಲು ಯಾರು ಬಳಸಿದ್ದರೆಂದು ಹೇಳುವುದಿಲ್ಲ. ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ. ಅರಕಲಗೂಡಿನ ಒಬ್ಬ ಅಜ್ಜಿ ನಿಜ ಕೇಳಿ ತಿಳಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಸೊಸೆಯಿಂದ ಅರಿಶಿನದ ನೀರು ತರಿಸಿ ಚಿಮುಕಿಸಿ, ‘ಈಗ ಒಳಗೆ ತನ್ನಿ’ ಎಂದಿದ್ದರು. ಆ ಬಣ್ಣದ ಡಬ್ಬಿಗೂ ದುಡ್ಡು ಬೇಕು ಎಂಬುದನ್ನು ಯಾವ ದಾನಿಗೂ ನಾನು ಸರಿಯಾಗಿ ವಿವರಿಸಲು ಆಗಿರಲಿಲ್ಲ.

ಕಂಪನಿಗಳ ಕಾಯ್ದೆ 2013ರ 135ನೇ ಕಲಮಿನಂತೆ, ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿಯಲ್ಲಿ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆ, ಅಂದರೆ ಸಿಎಸ್‌ಆರ್ ಎಂದು ಸಮಾಜಕ್ಕಾಗಿ ಖರ್ಚು ಮಾಡಬೇಕು. ಮಾರ್ಚ್ 31 ಹತ್ತಿರವಾದಂತೆ ಆ ಹಣಕ್ಕೆ ಕಾಲು ಬರುತ್ತದೆಂದು ಬ್ಯಾಂಕಿನ ಗೆಳೆಯರಿಗೆ ಗೊತ್ತಿತ್ತು. ನಮ್ಮ ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿಗಳನ್ನೂ ಈ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನಮೂನೆಯ ನೋಂದಣಿ ಸಂಖ್ಯೆಯನ್ನೂ ಅವರು ಮೊದಲೇ ಮಾಡಿಸಿಟ್ಟಿದ್ದರು. ಇಲ್ಲದಿದ್ದರೆ ಆ ಕಚೇರಿಯ ಗೇಟಿನ ಕಾವಲುಗಾರರ ಆಚೆಗೆ ನಾವು ಹೋಗುತ್ತಿರಲಿಲ್ಲ.

ಅಧಿಕಾರಿ ನನ್ನ ಮಗಳ ವಯಸ್ಸಿನವರು, ಮಾತಿನಲ್ಲಿ ವಿನಯ, ಲೆಕ್ಕದಲ್ಲಿ ಕಟ್ಟುನಿಟ್ಟು. ಕಾಫಿ ತರಿಸಿ, ನಮ್ಮ ವಹಿಯನ್ನು ತಿರುವಿ ನೋಡಿ, ‘ಸರ್, ಹೊಸ ವೀಲ್‌ಚೇರ್ 25 ಕೊಡ್ತೀವಿ. ಒಂದು ಸಣ್ಣ ಕಾರ್ಯಕ್ರಮ ಇಟ್ಟು ಹಂಚೋಣ. ರಿಪೇರಿ ಕೂಲಿ, ಸಾಗಾಣಿಕೆ ಅಂದ್ರೆ ಆಡಳಿತ ವೆಚ್ಚ ಆಗುತ್ತೆ. ಅದು ಶೇಕಡ 5 ದಾಟೋ ಹಾಗಿಲ್ಲ’ ಎಂದರು. ನಾನು ಬಟ್ಟೆಯ ಚೀಲದಿಂದ ಕೂದಲು ಸುತ್ತಿಕೊಂಡಿದ್ದ ಒಂದು ಸಣ್ಣ ಚಕ್ರವನ್ನು ತೆಗೆದು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ಬೆರಳಿನಿಂದ ತಿರುಗಿಸಲು ನೋಡಿದರು, ತಿರುಗಲಿಲ್ಲ. ‘ಇಪ್ಪತ್ತೈದು ಕುರ್ಚಿಗೆ ಇಂಥವು ಐವತ್ತು ಇರ್ತವೆ ಮೇಡಂ’ ಎಂದೆ. ಮೇಷ್ಟರ ಪ್ರಯೋಗಕ್ಕೆ ಅವರು ನಕ್ಕರು, ಆದರೆ ಕರಗಲಿಲ್ಲ. ಕರಗಬೇಕಾಗಿಯೂ ಇರಲಿಲ್ಲ, ಏಕೆಂದರೆ ಅವರ ಆಕ್ಷೇಪಣೆ ಮನಸ್ಸಿನದಲ್ಲ, ನಿಯಮದ್ದು.

ನಿಯಮಕ್ಕೆ ಉತ್ತರ ಗೆಳೆಯರ ಕಡತದಲ್ಲಿತ್ತು. 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳ ಪ್ರಕಾರ ಆಡಳಿತ ವೆಚ್ಚವೆಂದರೆ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಖರ್ಚು. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ಜಾರಿಗೊಳಿಸಲು, ಅದರ ಮೇಲೆ ನಿಗಾ ಇಡಲು ನೇರವಾಗಿ ತಗಲುವ ಖರ್ಚು ಅದರೊಳಗೆ ಬರುವುದಿಲ್ಲ. ಯೋಜನೆಯ ಹೆಸರೇ ಮರುಬಳಕೆ ಎಂದಾದರೆ ರಿಪೇರಿಯವರ ಕೂಲಿ, ತೊಳೆಯುವವರ ಕೂಲಿ, ಕುರ್ಚಿಯನ್ನು ವಾಪಸು ತರುವ ಬಾಡಿಗೆ ಎಲ್ಲವೂ ಯೋಜನೆಯೇ ಆಗುತ್ತದೆ. ಕುರ್ಚಿ ಯಾರ ಸ್ವತ್ತಾಗಿರುತ್ತದೆ ಎಂಬುದು ಅಧಿಕಾರಿಯ ಮುಂದಿನ ಪ್ರಶ್ನೆ. ಸಿಎಸ್‌ಆರ್ ನೋಂದಣಿ ಸಂಖ್ಯೆಯಿರುವ ಸಾರ್ವಜನಿಕ ಟ್ರಸ್ಟು ಆಸ್ತಿಯನ್ನು ತನ್ನ ಹೆಸರಿನಲ್ಲಿಟ್ಟುಕೊಳ್ಳಲು ಅದೇ ನಿಯಮಗಳಲ್ಲಿ ಅವಕಾಶವಿದೆ ಎಂದು ಗೆಳೆಯರು ಪುಟ ತಿರುಗಿಸಿ ತೋರಿಸಿದರು. ಅಧಿಕಾರಿ ಅದನ್ನು ಎರಡು ಸಲ ಓದಿ, ಲೆಕ್ಕಪರಿಶೋಧಕರಿಗೆ ಫೋನ್ ಮಾಡಲು ಹೊರಗೆ ಹೋದರು. ಇಪ್ಪತ್ತು ನಿಮಿಷ ನಾವಿಬ್ಬರೂ ಗೋಡೆಯ ಮೇಲಿನ ಸುರಕ್ಷತಾ ಫಲಕವನ್ನು ಓದುತ್ತ ಕುಳಿತೆವು.

ಬಂದವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: ಪ್ರತಿ ಕುರ್ಚಿಯ ಬೆನ್ನಿನ ಮೇಲೆ ಕಂಪನಿಯ ಹೆಸರಿನ ಸ್ಟಿಕ್ಕರ್ ಇರಬೇಕು. ಗೆಳೆಯರ ಮುಖ ಸಣ್ಣದಾಯಿತು. ಅವರಿಗೆ ಕಲ್ಯಾಣ ಮಂಟಪದ ಫ್ಯಾನಿನ ಮೇಲೆ ದಾನಿಯ ಹೆಸರು ಕಂಡರೂ ಆಗುವುದಿಲ್ಲ. ನನಗೆ ಮಾತ್ರ ಹಿಂದೆ ಓದಿದ್ದು ನೆನಪಾಯಿತು. ಅಮೆರಿಕದ ಕ್ಯಾನ್ಸಸ್, ಒಕ್ಲಹೋಮಾ ರಾಜ್ಯಗಳಲ್ಲಿ ಇಂಥ ಮರುಬಳಕೆ ಕೇಂದ್ರಗಳಿಗೆ ಬಡವರ ವೈದ್ಯಕೀಯ ವೆಚ್ಚ ಭರಿಸುವ ಮೆಡಿಕೇಡ್ ವ್ಯವಸ್ಥೆಯೇ ಪಾಲುದಾರ. ಹೊಸದಕ್ಕೆ ಹಣ ಕೊಡುವವರು ಅವರೇ ಆದ್ದರಿಂದ, ಹಳೆಯದು ಮೂಲೆ ಸೇರದೆ ಹಿಂದಿರುಗಿದರೆ ಉಳಿತಾಯವೂ ಅವರದೇ. ನಮ್ಮಲ್ಲಿ ಹೊಸದಕ್ಕೆ ಹಣ ಕೊಡುವವರು ಹೆಚ್ಚಾಗಿ ಮನೆಯವರೇ. ಅವರ ಬಳಿ ಪಾಲುದಾರಿಕೆ ಕೇಳುವುದು ಹೇಗೆ? ಆದರೆ ಈ ಕಂಪನಿಯೇ ಹೊಸದನ್ನು ಕೊಡುವಾಗ, ಅದು ಹಿಂದಿರುಗುವ ದಾರಿಯನ್ನೂ ಅದರಿಂದಲೇ ಹಾಕಿಸಬಹುದಲ್ಲವೇ?

‘ಸ್ಟಿಕ್ಕರ್ ಇರಲಿ ಮೇಡಂ. ನಿಮ್ಮ ಹೆಸರಿನ ಕೆಳಗೆ, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ, ಬಳಕೆ ಮುಗಿದ ಮೇಲೆ ಈ ನಂಬರಿಗೆ ಕರೆ ಮಾಡಿ ಅಂತ ನಮ್ಮ ಫೋನ್ ನಂಬರು ಹಾಕಿ’ ಎಂದೆ. ದೊಡ್ಡ ಅಕ್ಷರಕ್ಕೆ ಅವರು ಒಪ್ಪಲಿಲ್ಲ, ಸಮ ಅಕ್ಷರಕ್ಕೆ ಒಪ್ಪಿದರು. 25ರ ಬದಲು 8 ಹೊಸ ಕುರ್ಚಿ, ಉಳಿದ ಹಣದಲ್ಲಿ ಒಂದು ವರ್ಷದ ರಿಪೇರಿ, ಸ್ವಚ್ಛತೆ ಮತ್ತು ಸಾಗಾಣಿಕೆ ಎಂದು ತೀರ್ಮಾನವಾಯಿತು. ಪೂರ್ತಿ ಕೂಲಿಗೆ ರಸೀದಿ ಬರೆಯಬೇಕೆಂದಾಗ ಸಂತೇಪೇಟೆಯ ಹಿರಿಯರು ಪುಣ್ಯ ಕಳೆದುಕೊಂಡವರಂತೆ ಸ್ವಲ್ಪ ಗೊಣಗಿದರು.

ಹಿಂದಿರುಗುವಾಗ ದಾರಿಯಲ್ಲಿದ್ದ ಒಂದು ಗ್ರಾಮ ಪಂಚಾಯಿತಿಗೂ ಹೋಗಿದ್ದೆವು. ವಿಕಲಚೇತನರಿಗೆಂದು ಮೀಸಲಿಡುವ ಶೇಕಡ 5ರ ಅನುದಾನದಲ್ಲಿ ರಿಪೇರಿಗೆ ಪಾಲು ಸಿಗಬಹುದೆಂಬ ಆಸೆಯಿತ್ತು. ಹಣ ಸಿಗಲಿಲ್ಲ. ಸಿಕ್ಕಿದ್ದು ಊರಿನ ವಿಕಲಚೇತನರ ಅಗತ್ಯಗಳನ್ನು ನೋಡಿಕೊಳ್ಳುವ, ಅಲ್ಲಿನ ವಿಆರ್‌ಡಬ್ಲ್ಯೂ ಕಾರ್ಯಕರ್ತರ ಸ್ನೇಹ. ಯಾವ ಮನೆಯ ಅಟ್ಟದ ಮೇಲೆ ವಾಕರ್ ಇದೆ, ಯಾವ ಮನೆಯಲ್ಲಿ ನೆಲದ ಮೇಲೆ ತೆವಳುವವರಿದ್ದಾರೆ ಎಂಬುದನ್ನು ಅವರು ಬೆರಳೆಣಿಸಿ ಹೇಳಿದರು, ನಾನು ವಹಿಯ ಹಿಂಬದಿಯಲ್ಲಿ ಬರೆದುಕೊಂಡೆ. ಅಂದಿನ ದಿನದಲ್ಲಿ ಯಾವ ನೆರವು ದೊಡ್ಡದು ಎಂದು ಗೆಳೆಯರಿಗೂ ನನಗೂ ಇನ್ನೂ ವಾದವಿದೆ.

ಸ್ಟಿಕ್ಕರ್ ನೋಡಿ ಬಂದ ಮೊದಲ ಕರೆ, ಆ ಕಂಪನಿಯಲ್ಲಿ ಮಗನಿಗೆ ಕೆಲಸ ಸಿಗುತ್ತದೆಯೇ ಎಂದು ಕೇಳಿದವರದು. ಎರಡನೆಯ ಕರೆ ಜೂನ್ ತಿಂಗಳಲ್ಲಿ ಆಲೂರಿನಿಂದ ಬಂತು: ‘ಅಮ್ಮ ಈಗ ಗೋಡೆ ಹಿಡ್ಕೊಂಡು ಓಡಾಡ್ತಾರೆ, ಕುರ್ಚಿ ತಗೊಂಡು ಹೋಗಿ.’ ಮಳೆಯಲ್ಲಿ ಟಾರ್ಪಾಲು ಹೊದಿಸಿ ತಂದ ಕುರ್ಚಿ, ಚಕ್ರ ಬಿಚ್ಚಿ ತೊಳೆಸಿಕೊಂಡು, ವಾರದೊಳಗೆ ಬೇಲೂರು ರಸ್ತೆಯ ಒಬ್ಬ ಹುಡುಗನ ಮನೆ ಸೇರಿತು. ಅದೇ ಹೊತ್ತಿಗೆ ಕಂಪನಿಯ ಅಧಿಕಾರಿ ಫೋನ್ ಮಾಡಿ, ವಾರ್ಷಿಕ ವರದಿಗೆ ಆಲೂರಿನ ಫಲಾನುಭವಿ ಕುರ್ಚಿಯ ಮೇಲೆ ಕುಳಿತಿರುವ ಫೋಟೊ ಬೇಕೆಂದರು. ಆ ತಾಯಿ ಈಗ ಕುರ್ಚಿಯ ಮೇಲಿಲ್ಲ, ಕುರ್ಚಿಯಲ್ಲಿರುವವನು ಬೇರೆ, ಯಾರದನ್ನು ಕಳಿಸಲಿ ಎಂದು ಕೇಳಿದೆ.

ಅವರು ಕ್ಷಣಕಾಲ ಮಾತಾಡಲಿಲ್ಲ. ಕಾಗದ ಸರಿದ ಸದ್ದು ಕೇಳಿಸಿತು. ‘ಇಬ್ಬರದೂ ಕಳಿಸಿ ಸರ್, ಕೆಳಗೆ ಒಂದು ಸಾಲು ಸೇರಿಸ್ತೀನಿ’ ಎಂದರು.