ಅಷ್ಟು ಎತ್ತರದಲ್ಲಿ, ಅಷ್ಟು ದುಡ್ಡು ಕೊಟ್ಟು ಊಟ ಮಾಡಬೇಕಾ?

ಗಗನಚುಂಬಿ ಕಟ್ಟಡಗಳ ತುದಿಯಲ್ಲಿರುವ ರೆಸ್ಟೋರೆಂಟ್‌ಗಳಲ್ಲಿ ನಾನು ಊಟ ಮಾಡಿರುವುದು ಒಟ್ಟು ಆರು ಸಲ. ಆರೂ ಸಲ ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ಹೋಗಿದ್ದೇನೆ. ಇದು ಗೊತ್ತಿರುವ ನೆಂಟರು, ಗೆಳೆಯರು, ಜೊತೆಯಲ್ಲಿ ಕೆಲಸ ಮಾಡುವವರು ಎಲ್ಲರೂ ಕೇಳುವುದು ಒಂದೇ ಮಾತು. "ಊಟ ಅಷ್ಟು ಚೆನ್ನಾಗಿರುತ್ತಾ? ಅಷ್ಟು ದುಡ್ಡು ಸುರಿಯೋದು ಸರೀನಾ?"

ಊಟದ ವಿಷಯ ಮೊದಲು ಹೇಳಿಬಿಡುತ್ತೇನೆ. ಅದೇ ದುಡ್ಡಿಗೆ ನೆಲದ ಮೇಲೆ ಇನ್ನೂ ಒಳ್ಳೆಯ ಊಟ ಸಿಗುತ್ತದೆ. ಆರರಲ್ಲಿ ಎರಡು ಕಡೆ ಊಟ ನಿಜಕ್ಕೂ ಚೆನ್ನಾಗಿತ್ತು. ಮೂರು ಕಡೆ ಪರವಾಗಿಲ್ಲ ಅನ್ನುವಂತಿತ್ತು. ಒಂದು ಕಡೆ ತಟ್ಟೆಗೆ ಬಂದದ್ದು ಆರಿಹೋಗಿತ್ತು. ಆದರೂ ನಾನು ಈಗ ಏಳನೇ ಸಲಕ್ಕೆ ದುಡ್ಡು ಕೂಡಿಡುತ್ತಿದ್ದೇನೆ.

ಊಟ ಯಾಕೆ ದುಬಾರಿ ಅನ್ನುವುದಕ್ಕೆ ಕಾರಣಗಳಿವೆ. ಮೇಲಿನ ಮಹಡಿಯ ಬಾಡಿಗೆ ಜಾಸ್ತಿ. ಒಂದು ಸೊಪ್ಪಿನ ಕಟ್ಟು ಬೇಕಾದರೂ ಅದು ಸಾಮಾನು ಸಾಗಿಸುವ ಲಿಫ್ಟಿನಲ್ಲೇ ಹತ್ತಿ ಬರಬೇಕು. ಕಸ ಅದೇ ದಾರಿಯಲ್ಲಿ ಇಳಿಯಬೇಕು. ನೀರನ್ನು ಹಂತ ಹಂತವಾಗಿ ಪಂಪು ಮಾಡಿ ಏರಿಸಬೇಕು. ಬೆಂಕಿಯ ಭಯದಿಂದ ಎಷ್ಟೋ ಕಟ್ಟಡಗಳಲ್ಲಿ ಮೇಲಿನ ಅಡುಗೆಮನೆಗೆ ಗ್ಯಾಸ್ ಬಿಡುವುದಿಲ್ಲ, ಕರೆಂಟಿನ ಒಲೆಯಲ್ಲೇ ಅಡುಗೆ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿಗೆ ಬರುವವರಲ್ಲಿ ಬಹಳ ಜನ ಜೀವನದಲ್ಲಿ ಒಂದೇ ಸಲ ಬರುವವರು. ಮತ್ತೆ ಬರಲಿ ಎಂದು ರುಚಿಯಾಗಿ ಮಾಡಿ ಬಡಿಸಬೇಕಾದ ಒತ್ತಡ ಅಲ್ಲಿನ ಅಡುಗೆಯವರಿಗೆ ಕಡಿಮೆ. ಅದನ್ನೂ ಮೀರಿ ಪ್ರೀತಿಯಿಂದ ಅಡುಗೆ ಮಾಡುವವರು ಇದ್ದಾರೆ, ಅವರ ಮೇಲೆ ನನಗೆ ತುಂಬಾ ಗೌರವ.

"ಎತ್ತರಕ್ಕೆ ಹೋದರೆ ನಾಲಿಗೆಗೆ ರುಚಿ ಗೊತ್ತಾಗಲ್ಲ, ಅಲ್ವಾ?" ಎಂದೂ ಕೆಲವರು ಕೇಳುತ್ತಾರೆ. ಅದು ವಿಮಾನದ ಮಾತು. ವಿಮಾನದೊಳಗಿನ ಗಾಳಿ ಸುಮಾರು 2,000 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟು ತೆಳು, ಜೊತೆಗೆ ಒಣ. ಕಟ್ಟಡ ಎಷ್ಟೇ ಎತ್ತರ ಇದ್ದರೂ ಅಷ್ಟಾಗುವುದಿಲ್ಲ. 500 ಮೀಟರ್ ಮೇಲೆ ನೀರು ಒಂದೂವರೆ ಡಿಗ್ರಿಯಷ್ಟು ಮೊದಲೇ ಕುದಿಯುತ್ತದೆ, ಅಷ್ಟೇ. ಲಿಫ್ಟಿನಲ್ಲಿ ಕಿವಿ ಕಟ್ಟಿಕೊಂಡರೆ ಒಂದು ಸಲ ಉಗುಳು ನುಂಗಿ, ಸರಿಹೋಗುತ್ತದೆ.

ಹಾಗಾದರೆ ದುಡ್ಡು ಯಾವುದಕ್ಕೆ ಕೊಡುತ್ತೇವೆ? ಕೂರುವುದಕ್ಕೆ. ಇದೇ ನನ್ನ ಉತ್ತರ.

ನೋಟ ಮಾತ್ರ ಸಾಕು ಅನ್ನುವವರಿಗೆ ಅದೇ ಕಟ್ಟಡಗಳಲ್ಲಿ ಬಹಳ ಕಡೆ ವೀಕ್ಷಣಾ ಮಹಡಿ ಇರುತ್ತದೆ. ಟಿಕೆಟ್ ಊಟಕ್ಕಿಂತ ತುಂಬಾ ಅಗ್ಗ. ನಾನೂ ಹೋಗಿದ್ದೇನೆ. ಅಲ್ಲಿ ನಿಂತು ನೋಡಬೇಕು, ಹಿಂದಿನವರಿಗೆ ಜಾಗ ಬಿಡಬೇಕು. ಹತ್ತು ನಿಮಿಷ ಫೋಟೋ ತೆಗೆಯುತ್ತೇವೆ, ಇನ್ನು ಹತ್ತು ನಿಮಿಷಕ್ಕೆ ಕಾಲು ನೋಯುತ್ತದೆ, ಇಳಿದು ಬರುತ್ತೇವೆ. ಊರು ತನ್ನ ಮುಖ ಬದಲಿಸುವುದು ಮಾತ್ರ ನಿಧಾನಕ್ಕೆ. ಅದಕ್ಕೆ ಎರಡು ಗಂಟೆ ಬೇಕು. ಯಾರೂ ಎಬ್ಬಿಸದ ಒಂದು ಕುರ್ಚಿ ಬೇಕು. ರೆಸ್ಟೋರೆಂಟ್ ನಮಗೆ ಮಾರುವುದು ಆ ಕುರ್ಚಿಯನ್ನು.

ಇದು ಒಪ್ಪಿಗೆಯಾದರೆ ಮುಂದಿನದೆಲ್ಲ ಯಾವ ಹೊತ್ತಿಗೆ, ಯಾವ ಕಡೆಗೆ ಮುಖ ಮಾಡಿ ಕೂರಬೇಕು ಅನ್ನುವುದು. ನನಗೆ ಹೇಳಲು ಅತಿ ಇಷ್ಟವಾದ ಭಾಗವೂ ಇದೇ.

ಹೊತ್ತು: ಸೂರ್ಯ ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮೊದಲು ಕುರ್ಚಿಯಲ್ಲಿರಬೇಕು. ಬಹಳ ಜನ ರಾತ್ರಿ ಒಂಬತ್ತಕ್ಕೆ ಬುಕ್ ಮಾಡುತ್ತಾರೆ, ದೀಪಗಳು ಚೆಂದ ಎಂದು. ದೀಪಗಳು ಚೆಂದವೇ. ಆದರೆ ರಾತ್ರಿ ಆದಮೇಲೆ ಕಿಟಕಿ ಕನ್ನಡಿಯಾಗುತ್ತದೆ. ಒಳಗಿನ ಬೆಳಕು ಗಾಜಿನಲ್ಲಿ ಹೊಳೆದು, ಊರಿನ ಮೇಲೆ ನಮ್ಮ ಮುಖ, ಹಿಂದಿನ ಟೇಬಲಿನ ಮೇಣದ ಬತ್ತಿ, ಬಡಿಸುವವರ ಬಿಳಿ ಅಂಗಿ ಎಲ್ಲ ಕಾಣುತ್ತದೆ. ಇಂಥ ರೆಸ್ಟೋರೆಂಟ್‌ಗಳಲ್ಲಿ ದೀಪ ಮಂಕಾಗಿ ಇಡುವುದಕ್ಕೆ ಇದೂ ಒಂದು ಕಾರಣ. ಕತ್ತಲಾದಮೇಲೆ ಫೋಟೋ ಬೇಕಿದ್ದರೆ ಫ್ಲ್ಯಾಶ್ ಆರಿಸಿ, ಫೋನನ್ನು ಗಾಜಿಗೆ ಒತ್ತಿ ಹಿಡಿದು, ಸುತ್ತ ಒಂದು ಕಪ್ಪು ಬಟ್ಟೆ ಮರೆ ಮಾಡಿ.

ದಿಕ್ಕು: ಎಲ್ಲರೂ ಪಡುವಣ ಕಡೆಯ ಟೇಬಲ್ ಕೇಳುತ್ತಾರೆ. ನಾನು ಮೂಡಣ ಕಡೆಯದು ಕೇಳುತ್ತೇನೆ. ಫೋನಿನಲ್ಲಿ ಬುಕ್ ಮಾಡಿಕೊಳ್ಳುವವರು "ಮೇಡಂ, ಆ ಕಡೆ ಸೂರ್ಯ ಕಾಣಲ್ಲ" ಎಂದು ಎಚ್ಚರಿಸುತ್ತಾರೆ. ಗೊತ್ತು ಎನ್ನುತ್ತೇನೆ. ಪಡುವಣಕ್ಕೆ ಕೂತರೆ ಮೊದಲ ಅರ್ಧ ಗಂಟೆ ಕಣ್ಣಿಗೆ ಹೊಡೆಯುವ ಬಿಸಿಲು. ಪರದೆ ಇಳಿಸುತ್ತಾರೆ, ಕೊಟ್ಟ ದುಡ್ಡಿಗೆ ಪರದೆ ನೋಡಿಕೊಂಡು ಕೂರಬೇಕು. ಮೂಡಣ ಕಡೆ ಕೂತವರ ಬೆನ್ನಿಗೆ ಸೂರ್ಯ. ಅವನ ಹಳದಿ ಬೆಳಕು ಎದುರಿನ ಊರಿನ ಮೇಲೆ ಬಿದ್ದಿರುತ್ತದೆ. ಪ್ರತಿ ಗೋಡೆ, ಪ್ರತಿ ತಾರಸಿ, ಒಣಗಲು ಹಾಕಿದ ಬಟ್ಟೆ ಕೂಡ ಬಿಡಿಬಿಡಿಯಾಗಿ ಕಾಣುತ್ತದೆ.

ಆಮೇಲೆ ನೆರಳು ಹೊರಡುತ್ತದೆ. ನಾವು ಕೂತ ಕಟ್ಟಡದ ನೆರಳು.

ಅಕ್ಕನನ್ನು ಕರೆದುಕೊಂಡು ಹೋದಾಗ ಇದನ್ನು ಮೊದಲು ಕಂಡವಳು ಅವಳೇ. ಅಕ್ಕನಿಗೆ ಎತ್ತರ ಅಂದರೆ ಭಯ. "ನಾನು ಒಳಗಡೆ ಕೂರ್ತೀನಿ ಕಣೇ, ಗಾಜಿನ ಪಕ್ಕ ನೀನು ಕೂತ್ಕೋ" ಎಂದಳು. ಅವಳಿಗೆ ಒಂದೇ ಮಾತು ಹೇಳಿದ್ದೆ, ನೇರ ಕೆಳಗೆ ನೋಡಬೇಡ, ದೂರ ನೋಡು. ಅವಳು ದೂರ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಿಗೆ, "ಆ ಕಪ್ಪು ಪಟ್ಟಿ ಆಗಲೇ ನೀರಿನ ಟ್ಯಾಂಕಿನ ಹತ್ತಿರ ಇತ್ತು. ಈಗ ನೋಡು, ಮೈದಾನ ದಾಟಿದೆ" ಎಂದಳು. ನಮ್ಮದೇ ಕಟ್ಟಡದ ನೆರಳು ಊರಿನ ಮೇಲೆ ಗಡಿಯಾರದ ಮುಳ್ಳಿನಂತೆ ಮಲಗಿತ್ತು. 200 ಮೀಟರ್ ಎತ್ತರದ ಕಟ್ಟಡದ ನೆರಳು, ಸೂರ್ಯ ಬಾನಂಚಿನಿಂದ ಐದು ಡಿಗ್ರಿ ಮೇಲಿದ್ದಾಗ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ ಇರುತ್ತದೆ. ಎರಡು ಡಿಗ್ರಿಗೆ ಇಳಿದಾಗ ಸುಮಾರು ಆರು ಕಿಲೋಮೀಟರ್. ಈ ಮಧ್ಯೆ ಹೋಗುವುದು ಹದಿನೈದು ನಿಮಿಷದಷ್ಟು ಹೊತ್ತು ಮಾತ್ರ. ಕೊನೆಗೆ ನೆರಳಿನ ತುದಿ ದೂರದ ಮಬ್ಬಿನಲ್ಲಿ ಕರಗಿಹೋಯಿತು. ಅಕ್ಕ ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು ಗಾಜಿನ ಪಕ್ಕಕ್ಕೇ ಬಂದಿದ್ದಳು. ತಟ್ಟೆಯಲ್ಲಿದ್ದದ್ದು ತಣ್ಣಗಾಗಿತ್ತು.

ಸೂರ್ಯ ಮುಳುಗಿದ ಮೇಲೂ ಆ ಕಡೆ ನೋಡುತ್ತಲೇ ಇರಿ. ಆಕಾಶ ತಿಳಿಯಾಗಿದ್ದರೆ ಬಾನಂಚಿನಲ್ಲಿ ಬೂದು ನೀಲಿ ಬಣ್ಣದ ಒಂದು ಪಟ್ಟಿ ಏಳುತ್ತದೆ, ಅದರ ಮೇಲೆ ತೆಳು ಗುಲಾಬಿ. ಅದು ಮೋಡವಲ್ಲ. ಆ ನೀಲಿ ಪಟ್ಟಿ ಭೂಮಿಯದೇ ನೆರಳು, ಗಾಳಿಯ ಮೇಲೆ ಬಿದ್ದಿರುವುದು. ನೆಲದಲ್ಲಿ ನಿಂತರೆ ಮನೆ, ಮರ ಅಡ್ಡ ಬಂದು ಬಾನಂಚೇ ಕಾಣುವುದಿಲ್ಲ. ಮೇಲಿಂದ ಅದು ಏರುವುದನ್ನು ಕಣ್ಣಾರೆ ನೋಡಬಹುದು. ಕಟ್ಟಡದ ನೆರಳು ಮುಗಿದ ಕೂಡಲೇ ಭೂಮಿಯ ನೆರಳು. ಅದು ಏರುತ್ತಾ ಮಸುಕಾಗುವಾಗ ಕೆಳಗೆ ಬೀದಿ ದೀಪಗಳು ಸಾಲುಸಾಲಾಗಿ ಹೊತ್ತಿಕೊಳ್ಳುತ್ತವೆ. ಈ ಇಪ್ಪತ್ತು, ಮೂವತ್ತು ನಿಮಿಷದಲ್ಲಿ ಆಕಾಶದ ನೀಲಿಯೂ ಉಳಿದಿರುತ್ತದೆ, ಊರಿನ ದೀಪವೂ ಬಂದಿರುತ್ತದೆ. ನಾನು ದುಡ್ಡು ಕೂಡಿಡುವುದು ಈ ಇಪ್ಪತ್ತು, ಮೂವತ್ತು ನಿಮಿಷಕ್ಕೆ.

ಇನ್ನೊಂದು ಸಂಗತಿ. ಎತ್ತರದಲ್ಲಿರುವವರಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ. ಇದು ಬರೀ ಪುಸ್ತಕದ ಲೆಕ್ಕ ಅಲ್ಲ. 2011ರ ರಂಜಾನ್ ತಿಂಗಳಲ್ಲಿ ದುಬೈನ ಧರ್ಮಗುರುಗಳು ಬುರ್ಜ್ ಖಲೀಫಾದಲ್ಲಿ ವಾಸಿಸುವವರಿಗೆ ಒಂದು ಸೂಚನೆ ಕೊಟ್ಟರು. 80ನೇ ಮಹಡಿಗಿಂತ ಮೇಲಿರುವವರು ಉಪವಾಸ ಮುರಿಯಲು ಎರಡು ನಿಮಿಷ ಜಾಸ್ತಿ ಕಾಯಬೇಕು, 150ಕ್ಕಿಂತ ಮೇಲಿರುವವರು ಮೂರು ನಿಮಿಷ. ಕೆಳಗಿನವರು ಊಟಕ್ಕೆ ಕೈ ಹಾಕಿದಾಗ ಮೇಲಿನವರಿಗೆ ಇನ್ನೂ ಹಗಲು!

"ಎತ್ತರ ಜಾಸ್ತಿ ಆದಷ್ಟೂ ಒಳ್ಳೇದಾ?" ಇಲ್ಲ. ಶಾಂಘೈ ಟವರಿನ 120ನೇ ಮಹಡಿಯಲ್ಲಿ, ನೆಲದಿಂದ 556 ಮೀಟರ್ ಮೇಲಿರುವ ರೆಸ್ಟೋರೆಂಟ್, ಕಟ್ಟಡದೊಳಗಿನ ಅತಿ ಎತ್ತರದ ರೆಸ್ಟೋರೆಂಟ್ ಎಂದು 2021ರಲ್ಲಿ ಗಿನ್ನೆಸ್ ದಾಖಲೆ ಪಡೆಯಿತು. ಪ್ಯಾರಿಸ್‌ನ ಐಫೆಲ್ ಗೋಪುರದ ಎರಡನೇ ಅಂತಸ್ತಿನ ರೆಸ್ಟೋರೆಂಟ್ ಬರೀ 125 ಮೀಟರ್ ಮೇಲಿದೆ. 125 ಮೀಟರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬಾನಂಚು ಕಾಣುತ್ತದೆ, 556ರಿಂದ 84. ಎತ್ತರ ನಾಲ್ಕು ಪಟ್ಟು ದಾಟಿದರೂ ನೋಟದ ದೂರ ಎರಡು ಪಟ್ಟು ಅಷ್ಟೇ. ಅದೂ ಧೂಳು, ಹೊಗೆ ಇಲ್ಲದ ದಿನ. ತೀರಾ ಮೇಲೆ ಹೋದರೆ ಊರು ನಕ್ಷೆಯಂತಾಗುತ್ತದೆ, ಜನ ಕಾಣುವುದಿಲ್ಲ. ಮೂವತ್ತರಿಂದ ಐವತ್ತನೇ ಮಹಡಿಯವರೆಗೆ ಇರುವ ಜಾಗವೇ ನನಗೆ ಇಷ್ಟ. ಸಿಗ್ನಲ್ ಬಿದ್ದಾಗ ರಸ್ತೆ ದಾಟುವವರ ಗುಂಪು ಕಾಣುತ್ತದೆ, ಮಳೆ ಶುರುವಾದರೆ ಕೊಡೆಗಳು ಬಿಚ್ಚಿಕೊಳ್ಳುವುದು ಕಾಣುತ್ತದೆ.

ಸುತ್ತುವ ರೆಸ್ಟೋರೆಂಟ್ ಸಿಕ್ಕರೆ ದಿಕ್ಕಿನ ಚಿಂತೆಯೇ ಇಲ್ಲ. ಟೇಬಲ್‌ಗಳಿರುವ ಹೊರಗಿನ ಬಳೆಯಂಥ ನೆಲ ಮಾತ್ರ ತಿರುಗುತ್ತದೆ, ಲಿಫ್ಟ್ ಇರುವ ನಡುಭಾಗ ನಿಂತೇ ಇರುತ್ತದೆ. ಅಮೆರಿಕದ ಸಿಯಾಟಲ್‌ನ ಸ್ಪೇಸ್ ನೀಡಲ್ ಗೋಪುರದಲ್ಲಿ 1962ರಲ್ಲಿ ಅಂಥ ನೆಲ ತಿರುಗಿಸಲು ಒಂದೇ ಅಶ್ವಶಕ್ತಿಯ ಮೋಟಾರು ಸಾಕಾಗಿತ್ತು. ಟೊರಾಂಟೊದ ಸಿಎನ್ ಟವರಿನ ರೆಸ್ಟೋರೆಂಟ್ 72 ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಒಂದು ಎಚ್ಚರಿಕೆ, ಕಿಟಕಿಯ ಕಟ್ಟೆ ಎಷ್ಟೋ ಕಡೆ ತಿರುಗುವುದಿಲ್ಲ. ಅದರ ಮೇಲೆ ಬ್ಯಾಗ್ ಇಟ್ಟರೆ ಹತ್ತು ನಿಮಿಷದಲ್ಲಿ ಅದು ಬೇರೆಯವರ ಟೇಬಲ್ ಪಕ್ಕ ಇರುತ್ತದೆ. ನನ್ನದು ಹಾಗೆ ಹೋಗಿತ್ತು. ಇಬ್ಬರು ಅಜ್ಜಂದಿರು ಜೋಪಾನವಾಗಿ ಎತ್ತಿಟ್ಟು ಕೊಟ್ಟರು.

ಬುಕ್ ಮಾಡುವಾಗ ವೆಬ್‌ಸೈಟನ್ನು ನೆಚ್ಚಿಕೊಳ್ಳದೆ ಫೋನ್ ಮಾಡಿ. ಕಿಟಕಿ ಪಕ್ಕದ ಟೇಬಲ್ ಖಚಿತವಾಗಿ ಕೊಡುತ್ತೀರಾ, ಇಲ್ಲ "ಪ್ರಯತ್ನ ಮಾಡ್ತೀವಿ" ಅಷ್ಟೇನಾ? ಎಷ್ಟು ಹೊತ್ತು ಕೂರಬಹುದು? ಕನಿಷ್ಠ ಇಷ್ಟು ಬಿಲ್ ಆಗಲೇಬೇಕು ಅಂತ ಇದೆಯಾ? ಮೋಡ ಕವಿದರೆ ದಿನ ಬದಲಿಸಬಹುದಾ? ಈ ಕೊನೆಯದನ್ನು ಕೇಳದೆ ನಾನು ಒಂದು ಸಂಜೆ ಪೂರ್ತಿ ಕಳೆದುಕೊಂಡೆ. ಅರವತ್ತನೇ ಮಹಡಿ, ಕಿಟಕಿ ಪಕ್ಕದ ಟೇಬಲ್, ಹೊರಗೆ ಬರೀ ಬಿಳಿ. ಗಾಜಿಗೆ ಸುಣ್ಣ ಬಳಿದಂತಿತ್ತು. ದಿನ ಬದಲಿಸಿ ಎಂದರೆ ಆಗಲ್ಲ ಎಂದರು. ಆ ಸಲ ಕೂಡಿಟ್ಟದ್ದು ಎಂಟು ತಿಂಗಳ ದುಡ್ಡು. ಎರಡು ಗಂಟೆಯಲ್ಲಿ ಒಂದೇ ಒಂದು ಸಲ ಮೋಡ ಹರಿದು, ಕೆಳಗೆ ಒಂದು ಸೇತುವೆಯ ತುಂಡು ಕಂಡು ಮತ್ತೆ ಮುಚ್ಚಿತು. ಈಗಲೂ ನೆನೆದರೆ ಬೇಜಾರಾಗುತ್ತದೆ.

ಸುರಕ್ಷತೆಯ ಬಗ್ಗೆಯೂ ಕೇಳುತ್ತಾರೆ, ಅದನ್ನು ಹಗುರಾಗಿ ತೆಗೆದುಕೊಳ್ಳಬಾರದು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರದಲ್ಲಿ, 106 ಮತ್ತು 107ನೇ ಮಹಡಿಗಳಲ್ಲಿ 'ವಿಂಡೋಸ್ ಆನ್ ದ ವರ್ಲ್ಡ್' ಎಂಬ ರೆಸ್ಟೋರೆಂಟ್ ಇತ್ತು. 1976ರಲ್ಲಿ ಶುರುವಾದದ್ದು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ವಿಮಾನ ಬಡಿದಾಗ ಅಲ್ಲಿದ್ದ ಒಬ್ಬರೂ ಬದುಕಲಿಲ್ಲ. ಮುಖ್ಯ ಬಾಣಸಿಗ ಮೈಕಲ್ ಲೊಮೊನಾಕೊ ಕನ್ನಡಕದ ಕೆಲಸಕ್ಕೆಂದು ಕೆಳಗೆ ಅಂಗಡಿಯಲ್ಲಿ ನಿಂತಿದ್ದರಿಂದ ಉಳಿದುಕೊಂಡರು. ಇಂಥ ಕಡೆ ಹೋದಾಗಲೆಲ್ಲ ನನಗೆ ಆ ಬೆಳಿಗ್ಗೆ ತಿಂಡಿ ಬಡಿಸುತ್ತಿದ್ದವರ ನೆನಪಾಗುತ್ತದೆ. ಟೇಬಲಿಗೆ ಹೋಗುವ ಮೊದಲು ಮೆಟ್ಟಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ, ನೀವೂ ನೋಡಿಕೊಳ್ಳಿ. ಇನ್ನು ಜೋರು ಗಾಳಿಗೆ ಲೋಟದ ನೀರು ಅಲುಗಿದರೆ ಹೆದರಬೇಡಿ. ಎತ್ತರದ ಕಟ್ಟಡಗಳು ಸ್ವಲ್ಪ ತೂಗುವಂತೆಯೇ ಕಟ್ಟಿರುತ್ತಾರೆ. ತೈವಾನಿನ 'ತೈಪೆ 101' ಎಂಬ ಕಟ್ಟಡದಲ್ಲಿ ಆ ತೂಗಾಟ ತಗ್ಗಿಸಲೆಂದೇ 660 ಟನ್ ತೂಕದ ಉಕ್ಕಿನ ಗುಂಡು ನೇತುಹಾಕಿದ್ದಾರೆ.

ಯಾರು ಹೋಗಬಾರದು? ಸಾಲ ಮಾಡಿ ಹೋಗುವವರು. ಬರೀ ಊಟಕ್ಕೆಂದು ಹೋಗುವವರು. ಒಂದು ಗಂಟೆ ಸುಮ್ನೆ ಕೂರಲು ಆಗದವರಿಗೆ ವೀಕ್ಷಣಾ ಮಹಡಿಯೇ ಸಾಕು. ಉಳಿದವರು ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಲ ಹೋಗಿ. ಇಷ್ಟವಿರುವ ಒಬ್ಬರೇ ಒಬ್ಬರನ್ನು ಕರೆದುಕೊಂಡು ಹೋಗಿ. ದೊಡ್ಡ ಗುಂಪಾದರೆ ಮಾತು ಜಾಸ್ತಿ, ಅರ್ಧ ಜನಕ್ಕೆ ಕಿಟಕಿಗೆ ಬೆನ್ನು.

ಮುಂದಿನ ಸಲಕ್ಕೆ ಅಕ್ಕನೂ ದುಡ್ಡು ಸೇರಿಸುತ್ತಿದ್ದಾಳೆ. ಹೋದ ವಾರ ಫೋನ್ ಮಾಡಿದಾಗ ಅವಳು ಕೇಳಿದ್ದು ಇಷ್ಟೇ: "ಮೂಡಣ ಕಡೆದೇ ಹೇಳಿದೀಯಾ ತಾನೇ?"