ಎಮ್ಮೆಯ ಬೆದೆ, ನೈಟ್ರೋಜನ್ ಕ್ಯಾನು, 2004ರ ಸ್ಪ್ಲೆಂಡರ್

ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಮನುಷ್ಯರು ಕೂಡುವುದು ಅಪರೂಪ. ಅಲ್ಲಿ ಕೂಡುವುದು ಒಂದು ಅಲ್ಯೂಮಿನಿಯಂ ಕ್ಯಾನು. ಅದರೊಳಗೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್, ಅದರಲ್ಲಿ ಮುಳುಗಿದ ಸಣ್ಣ ಸಣ್ಣ ಕಡ್ಡಿಗಳಲ್ಲಿ ಮುರ್ರಾ ಕೋಣದ್ದು, ಜರ್ಸಿ ಮತ್ತು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಷಿಯನ್) ಹೋರಿಗಳ ವೀರ್ಯ. ಗದಗ ಸುತ್ತಲಿನ ಹಳ್ಳಿಗಳಲ್ಲಿ ಆಕಳು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕಸುಬು. ಹಳ್ಳಿ ಮಂದಿಯ ಬಾಯಲ್ಲಿ ನಾನು ಡಾಕ್ಟರ್. ಕಾಗದದ ಮೇಲೆ ಅಲ್ಲ.

ಗಾಡಿಯ ಸುದ್ದಿ ಬರೆಯಲು ಕೂತು ಕ್ಯಾನಿನ ಸುದ್ದಿ ಹೇಳುತ್ತಿರುವುದಕ್ಕೆ ಕಾರಣ ಐತಿ. ಹಳೇ ಸ್ಪ್ಲೆಂಡರ್ ಮಾಡಿಫೈ ಮಾಡುವ ವಿಡಿಯೋಗಳನ್ನು ಬೇಕಾದಷ್ಟು ನೋಡಿದ್ದೇನೆ. ಈ ಗಾಡಿ ಯಾವ ದಾರಿಯಲ್ಲಿ, ಯಾವ ಕೆಲಸಕ್ಕೆ ಓಡುತ್ತದೆ ಅಂತ ಒಬ್ಬರೂ ಕೇಳುವುದಿಲ್ಲ. ಹ್ಯಾಂಡಲ್ ಕತ್ತರಿಸುತ್ತಾರೆ, ಸೀಟು ಚಪ್ಪಟೆ ಮಾಡುತ್ತಾರೆ, ಸೈಲೆನ್ಸರ್ ಬಿಚ್ಚಿ ಓಣಿಯ ಮುದುಕರ ನಿದ್ದೆ ಕೆಡಿಸುತ್ತಾರೆ. ನನಗೆ ಬೇಕಿದ್ದದ್ದು ಇಷ್ಟೇ: ಕ್ಯಾನು ನೆಟ್ಟಗೆ ನಿಲ್ಲಬೇಕು, ಕತ್ತಲಲ್ಲಿ ದಾರಿ ಕಾಣಬೇಕು, ಎರಿ (ಕಪ್ಪು ಮಣ್ಣಿನ) ಹೊಲದ ರಾಡಿಯಲ್ಲಿ ಗಾಲಿ ತಿರುಗಬೇಕು.

ಗಾಡಿ 2004ರ ಮಾಡೆಲ್. ಬೆಟಗೇರಿಯ ಒಬ್ಬ ರಿಟೈರ್ಡ್ ಮಾಸ್ತರರಿಂದ ಕೊಂಡದ್ದು. ಕಿಕ್ ಸ್ಟಾರ್ಟ್, ಎರಡೂ ಕಡೆ ಡ್ರಮ್ ಬ್ರೇಕ್, ತಂತಿ ಗಾಲಿ, ನಾಲ್ಕು ಗೇರು. ಹೀರೊ ಮತ್ತು ಹೊಂಡಾ ಬೇರೆಯಾಗಿ ಎಷ್ಟೋ ವರ್ಷ ಆದರೂ ನನ್ನ ಟ್ಯಾಂಕಿನ ಮೇಲೆ ಇನ್ನೂ ಕೂಡಿಯೇ ಇದ್ದಾರೆ. ಮಾಸ್ತರರು ಗಾಡಿಯನ್ನು ಒರೆಸಿ ಇಟ್ಟಿದ್ದರೇ ಹೊರತು ಒಳಗೆ ಕೈ ಹಾಕಿಸಿರಲಿಲ್ಲ. ಬಣ್ಣ ಫಳಫಳ, ಬುಷ್‌ಗಳೆಲ್ಲ ಬೂದಿ.

ಮುಳಗುಂದ ನಾಕಾ ಕಡೆ ನಮ್ಮ ಮಿಸ್ತ್ರಿ ಚಾಚಾ ಇದ್ದಾರೆ. ನಾನು ಹಾಕಿಸಬೇಕೆಂದಿದ್ದ ಸಾಮಾನಿನ ಪಟ್ಟಿ ನೋಡಿ ಅವರು ನಕ್ಕರು. "ಡಾಕ್ಟರ್ರ, ಹೊಸಾದು ಹಾಕೂದು ಆಮ್ಯಾಲಿಂದರಿ. ಮೊದಲ ಇದು ಕಂಪನಿಯಿಂದ ಬಂದಾಗ ಹೆಂಗ ಇತ್ತೋ ಹಂಗ ಮಾಡೂಣು. ಅಷ್ಟಾದಮ್ಯಾಲೆ ನಿಮ್ಮ ಪಟ್ಟಿ ತಾನ ಅರ್ಧ ಆಕ್ಕೈತಿ." ಮೇನ್ ಸ್ಟ್ಯಾಂಡ್ ಹಾಕಿಸಿ, ನನ್ನನ್ನು ಹಿಂದೆ ಕೂಡಿಸಿ ಮುಂದಿನ ಗಾಲಿ ಎತ್ತಿಸಿದರು. ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ದೂಡಿದರೆ ಟಕ್ ಟಕ್ ಸಪ್ಪಳ. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಹ್ಯಾಂಡಲ್ ತಿರುಗಿಸಿದರೆ ನಟ್ಟನಡುವೆ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಗುಂಡುಗಳು ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ತಗ್ಗು ಮಾಡಿವೆ. ಹಿಂದಿನ ಗಾಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಅದನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಸಮೇತ ಅಲ್ಲಾಡುತ್ತದೆ. ಹಬ್ ರಬ್ಬರ್ ಕಲ್ಲಾಗಿದ್ದವು. ಫೋರ್ಕಿನಿಂದ ಬಂದ ಆಯಿಲ್ ಗುಳಿಗೆ ಕರಗಿಸಿದ ನೀರಿನ ಹಾಗಿತ್ತು.

ಕೋನ್ ಸೆಟ್, ಸ್ವಿಂಗ್‌ಆರ್ಮ್ ಬುಷ್, ಹಬ್ ರಬ್ಬರ್, ಗಾಲಿ ಬೇರಿಂಗ್, ಫೋರ್ಕಿನ ಆಯಿಲ್ ಸೀಲ್ ಎಲ್ಲ ಹೊಸದು ಹಾಕಿದೆವು. ಹೊರಗಿನಿಂದ ಕಾಣುವಂಥದ್ದು ಒಂದೂ ಇಲ್ಲ. ಬ್ಯಾರೆ ಗಾಡಿಯೇ ಆಯಿತು. ಹರ್ತಿ ರಸ್ತೆಯಲ್ಲಿ ಇಷ್ಟು ದಿನ ರಸ್ತೆಯದು ಅಂತ ಬೈದುಕೊಳ್ಳುತ್ತಿದ್ದ ಕುಲುಕಾಟದಲ್ಲಿ ಅರ್ಧ ಗಾಡಿಯದೇ ಆಗಿತ್ತು.

ಇನ್ನು ಕ್ಯಾರಿಯರ್. ಕ್ಯಾನಿನ ರಚನೆ ಗೊತ್ತಿಲ್ಲದವರಿಗೆ ಒಂದು ಮಾತು: ಅದು ಒಂದರೊಳಗೊಂದು ಎರಡು ಪಾತ್ರೆ, ನಡುವೆ ನಿರ್ವಾತ. ಒಳಗಿನ ಪಾತ್ರೆ ಬರೀ ಕುತ್ತಿಗೆಯ ಹತ್ತಿರ ತೂಗುಬಿದ್ದಿರುತ್ತದೆ. ಮೇಲೆ ಕೆಳಗೆ ಕುಣಿದರೆ ಹೇಗೋ ತಡೆಯುತ್ತದೆ, ಅಡ್ಡಡ್ಡ ಬಡಿದರೆ ಕುತ್ತಿಗೆ ಬಿರಿಯುತ್ತದೆ. ನಿರ್ವಾತ ಹೋಯಿತೆಂದರೆ ಕ್ಯಾನಿನ ಹೊರಮೈ ಬೆವರುತ್ತದೆ, ಮಂಜು ಕಟ್ಟುತ್ತದೆ, ನೈಟ್ರೋಜನ್ ಆವಿಯಾಗಿ ಹೋಗುತ್ತದೆ. ಆಮೇಲೆ ಒಳಗಿರುವ ಕಡ್ಡಿಗಳು ಕಸ.

ಪ್ಯಾಟಿಯಲ್ಲಿ ಸಿಗುವ ರೆಡಿಮೇಡ್ ಕ್ಯಾರಿಯರ್‌ಗಳು ಟೇಲ್ ಲೈಟಿನ ಮೇಲೆ, ಹಿಂದಿನ ಆಕ್ಸಲ್‌ಗಿಂತ ಆಚೆ ಚಾಚಿಕೊಂಡಿರುತ್ತವೆ. ಹಾಲಿನ ಕ್ಯಾನಿಗೆ ಅದು ನಡೆದೀತು. ನನ್ನ ಕ್ಯಾನನ್ನು ಅಲ್ಲಿಟ್ಟರೆ ಪ್ರತಿ ತಗ್ಗಿನಲ್ಲೂ ಅದು ಏತದ ತುದಿಯಲ್ಲಿ ಕೂತ ಹಾಗೆ ಎದ್ದು ಬೀಳುತ್ತದೆ, ಮುಂದಿನ ಗಾಲಿ ಹಗುರಾಗುತ್ತದೆ. ಅದಕ್ಕೆ ನನ್ನ ಕ್ಯಾರಿಯರ್ ಸೀಟಿನ ಮೇಲೇ, ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟುಗಳ ನೇರಕ್ಕೆ ಬರುವಂತೆ ಮಾಡಿಸಿದೆ. ಸಣ್ಣ ಚೌಕ ಪೈಪಿನ ಚೌಕಟ್ಟು, ಕೆಳಗೆ ದಪ್ಪ ಫೋಮು, ಸುತ್ತ ಹಳೇ ಟ್ಯೂಬಿನ ಪಟ್ಟಿ. ವೆಲ್ಡಿಂಗ್ ಏನಿದ್ದರೂ ಕ್ಯಾರಿಯರ್‌ಗೆ ಮಾತ್ರ. ಗಾಡಿಯ ಚಾಸಿಗೆ ಬೆಂಕಿ ಮುಟ್ಟಿಸಲು ಚಾಚಾ ಬಿಡಲಿಲ್ಲ. ಇದ್ದ ಬೋಲ್ಟುಗಳಿಗೇ ಕೂರುತ್ತದೆ, ಸ್ಪಾನರ್ ಇದ್ದರೆ ಬಿಚ್ಚಿ ಇಡಬಹುದು. ಹೆಂಡತಿಯನ್ನು ತೋಂಟದಾರ್ಯ ಮಠದ ಜಾತ್ರೆಗೆ ಕರೆದೊಯ್ಯುವಾಗ ಬಿಚ್ಚಲೇಬೇಕಲ್ಲ.

ಶಾಕ್ ವಿಷಯದಲ್ಲಿ ಜಗಳವೇ ಆಯಿತು. ಕೆಂಪು ಸ್ಪ್ರಿಂಗ್, ಬಾಜೂಕೊಂದು ಡಬ್ಬಿ ಇರುವ ಗ್ಯಾಸ್ ಶಾಕ್ ಹಾಕಿಸು ಅಂತ ಅಕ್ಕನ ಮಗ ಗಂಟುಬಿದ್ದ. ನೋಡಲು ಚಂದವೇ. ಆದರೆ ಅಗ್ಗದ ಗ್ಯಾಸ್ ಶಾಕ್‌ಗಳು ಗಟ್ಟಿಯಾಗಿರುತ್ತವೆ, ಒಬ್ಬನೇ ಕೂತರೆ ಜಗ್ಗುವುದೇ ಇಲ್ಲ. ನನಗೆ ಬೇಕಿರುವುದು ಮೆತ್ತಗಿನದು. ಈಗಿನ ಸ್ಪ್ಲೆಂಡರ್ ಪ್ಲಸ್‌ಗೆ ಐದು ಹಂತದಲ್ಲಿ ಬಿಗಿ ಮಾಡುವ ಶಾಕ್ ಬರುತ್ತದೆ. ಚಾಚಾ ಹಳೆಯದರ ಪಕ್ಕ ಅದನ್ನಿಟ್ಟು ಬೋಲ್ಟಿನಿಂದ ಬೋಲ್ಟಿಗೆ ಅಳತೆ ನೋಡಿ ಕೂಡಿಸಿದರು. ಕ್ಯಾನು ಇದ್ದಾಗ ಎರಡನೇ ಹಂತ, ಮಠದ ಜಾತ್ರೆಗೆ ನಾಲ್ಕನೇ ಹಂತ. ಈ ಸಾಲನ್ನು ಮನೆಯಲ್ಲಿ ಯಾರೂ ಓದುವುದಿಲ್ಲ ಅಂದುಕೊಂಡಿದ್ದೇನೆ.

ಬೆಳಕಿನ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಮ್ಮ ಕೆಲಸದಲ್ಲಿ ಒಂದು ನಿಯಮ: ಮುಂಜಾನೆ ಬೆದೆ (ಗರ್ಭ ಕಟ್ಟಲು ಸಿದ್ಧವಾದ ಲಕ್ಷಣ) ಕಂಡರೆ ಸಂಜೆ ವೀರ್ಯ ಕೊಡಬೇಕು, ಸಂಜೆ ಕಂಡರೆ ಮರುದಿನ ಮುಂಜಾನೆ. ಎಮ್ಮೆಗಳಂತೂ ಹಗಲು ಸುಮ್ಮನಿದ್ದು ರಾತ್ರಿಯೇ ಬೆದೆ ತೋರಿಸುವುದು ಹೆಚ್ಚು. ನಸುಕಿನಲ್ಲಿ ಫೋನು. "ಡಾಕ್ಟರ್ರ, ಎಮ್ಮಿ ರಾತ್ರಿಯೆಲ್ಲಾ ಒದರೇತ್ರಿ, ಲಗೂನ ಬರ್ರಿ." ಹೀಗಾಗಿ ನನ್ನ ಓಡಾಟ ಬಹಳಷ್ಟು ಹೊತ್ತು ಮುಳುಗಿದ ಮೇಲೆ, ಇಲ್ಲವೇ ಹೊತ್ತು ಹುಟ್ಟುವ ಮುಂಚೆ.

ಹಳೇ ಸ್ಪ್ಲೆಂಡರಿನ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ಬರುವುದಿಲ್ಲ, ಮ್ಯಾಗ್ನೆಟ್ ಕಾಯಿಲಿನಿಂದ ನೇರ ಎಸಿ ಬರುತ್ತದೆ. ಇಂಜಿನ್ ಜೋರಾಗಿ ತಿರುಗಿದರೆ ಬೆಳಕು ಜೋರು, ಮೆಲ್ಲಗಾದರೆ ಮಬ್ಬು. ಅಂದರೆ ತಗ್ಗು ಬಂತೆಂದು ನೀವು ಸ್ಪೀಡ್ ಇಳಿಸಿದ ಕೂಡಲೇ ಲೈಟೂ ಇಳಿಯುತ್ತದೆ. ಬೆಳಕು ಎಲ್ಲಿ ಬೇಕೋ ಅಲ್ಲೇ ಇಲ್ಲ. ಡೋಣಿ ಕಡೆಯ ಕಪ್ಪತಗುಡ್ಡದ ದಾರಿಯಲ್ಲಿ ಕ್ಲಚ್ ಹಿಡಿದು ರೇಸ್ ಕೊಡುತ್ತ, ಕಂಡಷ್ಟು ನೋಡಿಕೊಂಡು ಮುಂದೆ ಸಾಗುವುದು ರೂಢಿಯಾಗಿತ್ತು.

ಇದಕ್ಕೆ ಎಲ್ಲರೂ ಹೇಳುವ ಮದ್ದು ಬಿಳೀ ಎಲ್‌ಇಡಿ ಬಲ್ಬು. ಎಸಿ ಕರೆಂಟಿಗೆ ಸುಮ್ಮನೆ ಸಿಕ್ಕಿಸಿದರೆ ಅದು ಮಿಣುಕುತ್ತದೆ. ಮಿಣುಕದಿದ್ದರೂ, ಹಳೇ ಡೂಮ್ (ಬಲ್ಬಿನ ಹಿಂದಿನ ಕನ್ನಡಿ ಬಟ್ಟಲು) ಮಾಡಿರುವುದು ತಂತಿ ಉರಿಯುವ ಬಲ್ಬಿಗೆ. ಬೆಳಕು ಹುಟ್ಟುವ ಜಾಗ ಬದಲಾದರೆ ಕಿರಣಗಳು ದಿಕ್ಕಾಪಾಲು. ಎದುರಿನವನ ಕಣ್ಣಿಗೆ ಹೊಡೆಯುತ್ತದೆ, ನಿಮ್ಮ ಗಾಲಿಯ ಮುಂದೆ ಕತ್ತಲೆ. 55/60 ವ್ಯಾಟಿನ ಕಾರಿನ ಬಲ್ಬು ಹಾಕುವವರೂ ಇದ್ದಾರೆ. ಕಾಯಿಲಿಗೆ ಅಷ್ಟು ಶಕ್ತಿ ಇಲ್ಲ, ಹೋಲ್ಡರ್ ಕರಗುತ್ತದೆ.

ನಾವು ಮಾಡಿದ್ದು ಬೇರೆ. ಮ್ಯಾಗ್ನೆಟ್ ಕವರ್ ಬಿಚ್ಚಿ, ಕಾಯಿಲಿನ ಒಂದು ತುದಿ ಇಂಜಿನ್ ಮೈಗೆ ಅರ್ಥ್ ಆಗಿದ್ದನ್ನು ಬಿಡಿಸಿ, ಅದಕ್ಕೊಂದು ವೈರು ಹೂಡಿ ಹೊರಗೆ ತಂದು, ಫುಲ್ ವೇವ್ ಆರ್‌ಆರ್ (ರೆಕ್ಟಿಫೈಯರ್-ರೆಗ್ಯುಲೇಟರ್, ಎಸಿಯನ್ನು ಡಿಸಿ ಮಾಡುವ) ಯೂನಿಟ್‌ಗೆ ಕೊಟ್ಟರು ಆಟೋ ಎಲೆಕ್ಟ್ರಿಷಿಯನ್. ಯೂನಿಟ್ ತರಲು ಹುಬ್ಬಳ್ಳಿಗೆ ಹೋಗಿ ಬಂದೆ. ಮೊದಲು ಎಸಿಯ ಅರ್ಧ ಅಲೆಯಷ್ಟೇ ಬ್ಯಾಟರಿಗೆ ಹೋಗುತ್ತಿತ್ತು, ಈಗ ಪೂರ್ತಿ ಅಲೆ ಡಿಸಿಯಾಗಿ ಬರುತ್ತದೆ, ಹೆಡ್‌ಲೈಟು ಬ್ಯಾಟರಿಯಿಂದ ಉರಿಯುತ್ತದೆ. ಮೊದಲಿದ್ದ 2.5 ಆಂಪಿಯರ್ ಅವರ್ ಬ್ಯಾಟರಿ ಇದಕ್ಕೆ ಸಾಲದೆಂದು 5ರದ್ದು ಕೂಡಿಸಿದೆವು. ಬಲ್ಬು ಮೊದಲಿನ 35/35 ವ್ಯಾಟಿನದೇ, ಡೂಮ್ ಮಾತ್ರ ಹೊಸದು, ಲೈಟಿಗೆ ಒಂದು ರಿಲೇ ಮತ್ತು ಫ್ಯೂಸ್. ಐಡಲಿನಲ್ಲಿ ನಿಂತರೂ ಈಗ ಬೆಳಕು ಕದಲುವುದಿಲ್ಲ. ಕೊಟ್ಟಿಗೆಯಲ್ಲಿ ಕರೆಂಟ್ ಹೋದಾಗ ಗಾಡಿಯನ್ನೇ ಬಾಗಿಲಲ್ಲಿ ಚಾಲೂ ಇಟ್ಟು, ಅದರ ಬೆಳಕಿನಲ್ಲಿ ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ ಕರಗಿಸಿ ಕೆಲಸ ಮುಗಿಸಿದ್ದೂ ಇದೆ. ಇಡೀ ಗಾಡಿಯಲ್ಲಿ ಹಾಕಿದ ದುಡ್ಡಿಗೆ ಅತಿ ಹೆಚ್ಚು ವಸೂಲಾದದ್ದು ಇದೇ.

ಟೈರ್ ಬಗ್ಗೆ ನನ್ನ ಅಭಿಪ್ರಾಯ ಬಹಳ ಮಂದಿಗೆ ಸೇರುವುದಿಲ್ಲ. ಹಿಂದಿನ ಗಾಲಿಗೆ 2.75-18 ತೆಗೆದು ಅದಕ್ಕಿಂತ ದಪ್ಪನೆಯ 3.00-18 ಹಾಕುವುದು ಸಾಮಾನ್ಯ, ನಾನೂ ಅದನ್ನೇ ಹಾಕಿಸಿದ್ದೇನೆ, ಭಾರಕ್ಕೆ ಚಲೋ. ಮುಂದಿನ ಗಾಲಿಗೆ ಮಾತ್ರ ಕಂಪನಿ ಸೈಜು ಬಿಟ್ಟು ಕದಲಬಾರದು. ನಮ್ಮ ಎರಿ ಮಣ್ಣು ಮಳೆ ಬಿದ್ದ ಮೇಲೆ ಹೇಗೆ ಹತ್ತಿಕೊಳ್ಳುತ್ತದೆ ಅಂತ ಮಂಗಳೂರು ಕಡೆಯ ವಿಡಿಯೋ ಮಾಡುವವರಿಗೆ ಗೊತ್ತಿರುವುದಿಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿ ತುಂಬಿ ಗಾಲಿಯೇ ನಿಂತುಬಿಡುತ್ತದೆ. ಟೈರು ದಪ್ಪ ಆದಷ್ಟೂ ಸಂದಿ ಕಡಿಮೆ. ಸೊರಟೂರ ಹತ್ತಿರ ಹೊಲದ ದಾರಿಯಲ್ಲಿ ದಪ್ಪ ಟೈರಿನ ಹೊಸ ಗಾಡಿಗಳು ನಿಂತಿದ್ದಾಗ ನನ್ನದು ಕುಂಟುತ್ತ ದಾಟಿದೆ. ಜೊತೆಗೆ ಒಂದು ಕಬ್ಬಿಣದ ಪಟ್ಟಿ ಸೈಡ್ ಬಾಕ್ಸಿನಲ್ಲಿ ಸದಾ ಇರುತ್ತದೆ, ಮಣ್ಣು ಕೆರೆಯಲು. ಅಲಾಯ್ ಗಾಲಿ ಬೇಡವೆಂದೆ. ತಂತಿ ಗಾಲಿ ಬೆಂಡ್ ಆದರೆ ಯಾವ ಸೈಕಲ್ ಅಂಗಡಿಯಲ್ಲೂ ತಿರುವಿ ನೆಟ್ಟಗೆ ಮಾಡುತ್ತಾರೆ, ಜಾಲಿ ಮುಳ್ಳು ಚುಚ್ಚಿದರೆ ಟ್ಯೂಬಿಗೆ ಪ್ಯಾಚ್ ಹಾಕಲು ಎಲ್ಲ ಊರಲ್ಲೂ ಒಬ್ಬನಿದ್ದಾನೆ.

ಇಂಜಿನ್‌ಗೆ ದೊಡ್ಡ ಕೆಲಸ ಏನಿಲ್ಲ. ಹೊಗೆ ಬರುತ್ತಿತ್ತು, ಬೋರ್ ಮಾಡಿಸಿ 0.25 ಓವರ್‌ಸೈಜ್ ಪಿಸ್ಟನ್, ಹೊಸ ರಿಂಗು, ವಾಲ್ವ್ ಸೀಲ್ ಹಾಕಿದೆವು. 97.2 ಸಿಸಿಯನ್ನು 125 ಮಾಡುವ ಕಿಟ್ ತರುತ್ತೇನೆಂದು ಅಕ್ಕನ ಮಗ ಆಗಲೂ ಬಂದಿದ್ದ. ಅವನು ಅಣ್ಣಿಗೇರಿಯಿಂದ ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತಾನೆ, ಅವನದೂ ಸ್ಪ್ಲೆಂಡರೇ. ಎವರೇಜ್ ಹೆಚ್ಚಾಗಲಿ ಅಂತ ಮುಂದಿನ ಸ್ಪ್ರಾಕೆಟ್ 14 ಹಲ್ಲಿನದನ್ನು ತೆಗೆದು 15ರದ್ದು ಹಾಕಿಸಿದ್ದಾನೆ. ಅದೇ ಸ್ಪೀಡಿಗೆ ಇಂಜಿನ್ ಸುಮಾರು ನೂರಕ್ಕೆ ಏಳರಷ್ಟು ಕಡಿಮೆ ಸುತ್ತುತ್ತದೆ, ಲೆಕ್ಕ ಸರಿ. ಆದರೆ ಆಷಾಢದಲ್ಲಿ ಪಡುವಣ ಗಾಳಿ ಎದುರಿಗೆ ಹೊಡೆಯುವಾಗ ಗಾಡಿ ನಾಲ್ಕನೇ ಗೇರಿನಲ್ಲಿ ಎಳೆಯುವುದಿಲ್ಲ. ಮೂರರಲ್ಲಿ ಒದರಿಸಿಕೊಂಡು ಹೋಗುತ್ತಾನೆ, ಉಳಿದ ಪೆಟ್ರೋಲ್ ಅಲ್ಲೇ ಹೋಯಿತು. ಗದಗ ಸುತ್ತ ಅಷ್ಟು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. "ಮಾಮಾ, ವಾಪಸ್ ಬರೂ ಮುಂದ ನೋಡ್ರಿ, ಹಾರತೈತಿ" ಅನ್ನುತ್ತಾನೆ. ಇರಬಹುದು. ನನ್ನದು 14ರದ್ದೇ ಇರಲಿ.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಎಥೆನಾಲ್ ಕೂಡಿದ್ದು. ನಮ್ಮ ಬೆಳಗಾವಿ, ಬಾಗಲಕೋಟೆ ಕಬ್ಬು ನಮ್ಮ ಟ್ಯಾಂಕಿಗೇ ಬರುತ್ತದೆ ಅನ್ನಿ. 2004ರ ಗಾಡಿಯ ರಬ್ಬರು ಇದಕ್ಕಾಗಿ ಮಾಡಿದ್ದಲ್ಲ. ಪೈಪು ಉಬ್ಬುತ್ತದೆ, ಕಾರ್ಬೋರೇಟರಿನ ಓ-ರಿಂಗ್ ಮೆತ್ತಗಾಗುತ್ತದೆ. ಪೆಟ್ರೋಲ್ ಪೈಪು, ಓ-ರಿಂಗ್, ಫ್ಲೋಟ್ ಪಿನ್ ಬದಲಿಸಿಬಿಡಿ, ದೊಡ್ಡ ಖರ್ಚಲ್ಲ. ವಾರಗಟ್ಟಲೆ ಗಾಡಿ ನಿಲ್ಲಿಸುವವರು ಕಾಕ್ ಬಂದ್ ಮಾಡಿ ಕಾರ್ಬೋರೇಟರ್ ಖಾಲಿ ಮಾಡಿ ಇಡುವುದು ಒಳ್ಳೆಯದು. ಎಥೆನಾಲ್ ನೀರು ಹೀರುತ್ತದೆ.

ಡಿಸ್ಕ್ ಬ್ರೇಕ್ ಆಸೆ ನನಗೂ ಇತ್ತು. ಫೋರ್ಕು, ಹಬ್ಬು, ಮಾಸ್ಟರ್ ಸಿಲಿಂಡರ್ ಎಲ್ಲ ಬೇರೆ ಗಾಡಿಯದು ತರಬೇಕು. ಚಾಚಾ ಡ್ರಮ್ಮನ್ನೇ ಲೇಥಿನಲ್ಲಿ ಒಂದು ಕೈ ಹಿಡಿಸಿ, ಹೊಸ ಲೈನರ್, ಹೊಸ ಕೇಬಲ್ ಹಾಕಿ, ಬ್ರೇಕ್ ಪೂರ್ತಿ ಹಿಡಿದಾಗ ಕೇಬಲ್ಲಿಗೂ ಕೆಳಗಿನ ತೋಳಿಗೂ ಕಾಟಕೋನ (ಲಂಬಕೋನ) ಬರುವಂತೆ ತೋಳು ತಿರುಗಿಸಿ ಕೂಡಿಸಿದರು. ತೋಳು ಅದನ್ನು ದಾಟಿ ಹೋದಷ್ಟೂ ನಿಮ್ಮ ಕೈಬಲ ವ್ಯರ್ಥ. ನನ್ನ ಸ್ಪೀಡಿಗೆ ಇದು ಸಾಕು. ಗಡಕ್ಕನೆ ನಿಲ್ಲುವ ಬ್ರೇಕು ಕ್ಯಾನಿಗೂ ಒಗ್ಗುವುದಿಲ್ಲ.

ಕಾನೂನಿನ ಲೆಕ್ಕವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಬಂತು, ಆರು ತಿಂಗಳವರೆಗಿನ ಜೈಲಿಗೂ ಅವಕಾಶ ಆಯಿತು. ಹದಿನೈದು ವರ್ಷ ದಾಟಿದ ಗಾಡಿ ಐದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲಬೇಕು. 2024ರಲ್ಲಿ ನನ್ನದು ಎರಡನೇ ಸಲ ನಿಂತಿತು. ಕ್ಯಾರಿಯರ್ ಬಿಚ್ಚಿಟ್ಟು ಹೋಗಿದ್ದೆ. ಇನ್‌ಸ್ಪೆಕ್ಟರ್ ಹಾರ್ನ್, ಇಂಡಿಕೇಟರ್, ಚಾಸಿ ನಂಬರ್ ನೋಡಿ, "ಯಾರ ಕಡೆ ಮಾಡಿಸೀರಿ? ನಮ್ಮ ತಮ್ಮನ ಕಡೆನೂ ಒಂದು ಐತಿ" ಎಂದು ಚಾಚಾನ ನಂಬರ್ ಬರೆದುಕೊಂಡರು.

ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು ಆಯಿತು. ಒಂದೇ ಸಲ ಅಲ್ಲ, ಒಂದೂವರೆ ವರ್ಷದಲ್ಲಿ.

ನನ್ನ ಕಸುಬಿನ ಗೆಳೆಯರು ಕ್ಯಾರಿಯರ್ ಅಳತೆ ಕೇಳುತ್ತಿರುತ್ತಾರೆ. ನಿಮ್ಮ ಕ್ಯಾನು ಒಯ್ದು ವೆಲ್ಡಿಂಗ್‌ನವನ ಮುಂದಿಡಿ, ಖಾಲಿ ಇರುವಾಗ. ಒಳಗಿನ ಜಾಗ ತಳಕ್ಕಿಂತ ಎಲ್ಲ ಕಡೆ ಒಂದು ಇಂಚು ಹೆಚ್ಚಿರಲಿ, ಆ ಇಂಚು ಫೋಮಿಗೆ. ಮೇಲಿನ ಬಳೆ ಕ್ಯಾನಿನ ಹೆಗಲಿಗಿಂತ ಕೆಳಗೇ ಇರಲಿ, ಕುತ್ತಿಗೆಗೆ ಏನೂ ತಾಗಬಾರದು. ಮುಚ್ಚಳವನ್ನು ಟ್ಯೂಬಿನಿಂದ ಬಿಗಿದು ಕಟ್ಟಬೇಡಿ, ಆವಿ ಹೊರಗೆ ಬರಲು ದಾರಿ ಬೇಕು. ಬೋಲ್ಟುಗಳಿಗೆ ನೈಲಾನ್ ನಟ್ ಹಾಕಿಸಿ. ನಮ್ಮ ರಸ್ತೆಗಳಿಗೆ ಬರೀ ಸ್ಪ್ರಿಂಗ್ ವಾಷರ್ ಸಾಲುವುದಿಲ್ಲ.