ಅಕ್ಕನ ಡೇ ಜೀರೋ

ಬೆಳಗ್ಗೆಯಿಂದ ಫೋನ್ ಮೇಲೆ ಫೋನ್. ‘ಆಪರೇಷನ್ ಎಷ್ಟು ಹೊತ್ತಿಗೆ?’ ‘ಥಿಯೇಟರ್ ಒಳಗೆ ಕರ್ಕೊಂಡು ಹೋದ್ರಾ?’ ಕಸಿ ಅಂದ ಕೂಡಲೇ ಎಲ್ಲರ ಕಣ್ಮುಂದೆ ಬರುವುದು ಕತ್ತರಿ, ಹೊಲಿಗೆ, ಅರಿವಳಿಕೆ. ಸ್ಟೆಮ್ ಸೆಲ್ ಕಸಿಯಲ್ಲಿ ಅದಾವುದೂ ಇಲ್ಲ. ನರದ ಕಾಯಿಲೆಯಿಂದ ಕೈಕಾಲು ಸೋತಿದ್ದ ಅಕ್ಕ ತನ್ನ ಮಂಚದಲ್ಲೇ ದಿಂಬಿಗೆ ಒರಗಿ ಕೂತಿದ್ದಳು. ಎದೆಯ ಮೇಲ್ಭಾಗದಲ್ಲಿ ಹಾಕಿದ್ದ ಸೆಂಟ್ರಲ್ ಲೈನ್ ಎಂಬ ನಳಿಕೆಯ ಮೂಲಕ, ರಕ್ತ ಏರಿಸುವ ಹಾಗೆಯೇ, ಮೊದಲೇ ತೆಗೆದಿಟ್ಟಿದ್ದ, ರಕ್ತ ಹುಟ್ಟಿಸುವ ಅವಳದೇ ಕೋಶಗಳನ್ನು ಅವಳಿಗೆ ವಾಪಸ್ ಕೊಡುವುದಿತ್ತು. ವಾರ್ಡಿನಲ್ಲಿ ಆ ದಿನವನ್ನು ‘ಡೇ ಜೀರೋ’ ಅನ್ನುತ್ತಾರೆ. ಅದರ ಹಿಂದಿನ ದಿನಗಳು ಮೈನಸ್, ಮುಂದಿನವು ಪ್ಲಸ್.

ಲ್ಯಾಬಿನವರು ದೊಡ್ಡ ಉಕ್ಕಿನ ಪಾತ್ರೆಯನ್ನು ತಳ್ಳಿಕೊಂಡು ಬಂದರು. ಮುಚ್ಚಳ ತೆಗೆದಾಗ ಬಿಳಿ ಹಬೆ ನೆಲದ ತನಕ ಇಳಿಯಿತು. ಮೈನಸ್ 150 ಡಿಗ್ರಿಗಿಂತಲೂ ಕೆಳಗೆ ಇಟ್ಟಿದ್ದ ಚೀಲ, ಅಂಗೈಯಷ್ಟು ಅಗಲ, ಕಲ್ಲಿನಂತೆ ಗಟ್ಟಿ. ಇಬ್ಬರು ನರ್ಸ್‌ಗಳು ಅಕ್ಕನ ಕೈಪಟ್ಟಿಯ ಹೆಸರು, ನಂಬರನ್ನು ಚೀಲದ ಮೇಲಿನದಕ್ಕೆ ತಾಳೆ ನೋಡಿ, ಒಬ್ಬರು ಜೋರಾಗಿ ಓದಿದರು, ಇನ್ನೊಬ್ಬರು ‘ಸರಿ’ ಅಂದರು. ಆಮೇಲೆ 37 ಡಿಗ್ರಿಯ ನೀರಿನಲ್ಲಿ ಅದ್ದಿದರು. ಮಂಜುಗಡ್ಡೆ ಕರಗಿ ಕೆಂಪಾಗುತ್ತಿದ್ದಂತೆ ಎಲ್ಲರ ಕೈಗೂ ಒಮ್ಮೆಲೇ ಚುರುಕು. ಹೆಪ್ಪುಗಟ್ಟಿಸುವಾಗ ಕೋಶಗಳು ಸಾಯದಿರಲೆಂದು ಸೇರಿಸಿದ ಡಿಎಂಎಸ್‌ಒ ಎಂಬ ರಾಸಾಯನಿಕ, ಕರಗಿದ ಮೇಲೆ ಅದೇ ಕೋಶಗಳಿಗೆ ವಿಷವಾಗುತ್ತದಂತೆ, ತಡಮಾಡುವ ಹಾಗಿಲ್ಲ. ಚೀಲ ಖಾಲಿಯಾಗಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಕ್ಕನ ಗಂಟಲಲ್ಲಿ ಕಿರಿಕಿರಿ, ಒಂದಷ್ಟು ಕೆಮ್ಮು. ಆಮೇಲೆ ಕೋಣೆಯಿಡೀ ಬೆಳ್ಳುಳ್ಳಿಯಂಥ ವಾಸನೆ. ಅದೇ ಡಿಎಂಎಸ್‌ಒ ದೇಹದಲ್ಲಿ ಬದಲಾಗಿ ಉಸಿರಿನ ಮೂಲಕ ಹೊರಬರುತ್ತದೆ. ಅಕ್ಕನಿಗೆ ಮಾತ್ರ ಅದು ಗೊತ್ತೇ ಆಗಲಿಲ್ಲ.

‘ಇನ್ನು ಕಾಲಿಗೆ ಶಕ್ತಿ ಬರೋಕೆ ಶುರುವಾಗುತ್ತಾ ಡಾಕ್ಟ್ರೇ?’ ಅಂತ ಅಮ್ಮ ಕೇಳಿದರು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತೇ ಉತ್ತರ ಹೇಳಿದರು. ‘ಈ ಚೀಲ ಔಷಧಿ ಅಲ್ಲಮ್ಮ. ಔಷಧಿ ಹೋದ ವಾರವೇ ಕೊಟ್ಟಾಯ್ತು. ಇದು ಆ ಔಷಧಿಯಿಂದ ಇವರನ್ನ ಕಾಪಾಡೋದಕ್ಕೆ.’

ಈ ಮಾತನ್ನು ನಾನು ಅಂದಿನಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಅಕ್ಕನಿಗಿದ್ದದ್ದು ಸಿಐಡಿಪಿ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲಿನ ಮಯಲಿನ್ ಹೊದಿಕೆಯ ಮೇಲೆ ದಾಳಿ ಮಾಡುವ ಕಾಯಿಲೆ. ಇದೇ ಬಗೆಯ ಗಿಯಾನ್-ಬಾರೆ ಎಂಬ ಕಾಯಿಲೆ ಕೆಲವೇ ವಾರಗಳಲ್ಲಿ ಕೆಡವಿ ನಿಲ್ಲುತ್ತದೆ; ಇದು ಎಂಟು ವಾರ ದಾಟಿದರೂ ಏರುತ್ತಲೇ ಹೋಗುತ್ತದೆ, ಇಲ್ಲವೇ ಹೋದಂತೆ ಮಾಡಿ ಮತ್ತೆ ಬರುತ್ತದೆ. ಅವಳಿಗೆ ಮೊದಲು ಪಾದ ಜೋಮು, ಆಮೇಲೆ ಮೆಟ್ಟಿಲು ಹತ್ತಲಾಗದು, ಕೊನೆಗೆ ಅಂಗಿಯ ಗುಂಡಿ ಹಾಕಲೂ ಬೆರಳು ಒಲ್ಲವು. ಸ್ಟೀರಾಯ್ಡ್, ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್), ಪ್ಲಾಸ್ಮಾ ಬದಲಾವಣೆ ಈ ಕಾಯಿಲೆಗೆ ಮೊದಲು ಕೊಡುವ ಚಿಕಿತ್ಸೆಗಳು. ಬಹಳ ಜನಕ್ಕೆ ಇವೇ ಸಾಕಾಗುತ್ತವೆ. ಅಕ್ಕನಿಗೆ ಐವಿಐಜಿ ಕೊಟ್ಟಾಗ ಕೈಕಾಲು ಆಡುತ್ತಿದ್ದವು, ಅದರ ಪ್ರಭಾವ ಇಳಿದೊಡನೆ ಮತ್ತೆ ಕುಸಿತ. ಹೀಗೇ ವರ್ಷಗಳು.

ಕಸಿಯ ಲೆಕ್ಕಾಚಾರ ಇಷ್ಟು. ಮೊದಲು ಇಂಜೆಕ್ಷನ್ ಕೊಟ್ಟು ಅಸ್ಥಿಮಜ್ಜೆಯಲ್ಲಿರುವ ರಕ್ತದ ಸ್ಟೆಮ್ ಸೆಲ್‌ಗಳು ರಕ್ತನಾಳಕ್ಕೆ ಇಳಿಯುವಂತೆ ಮಾಡುತ್ತಾರೆ. ಆ ದಿನಗಳಲ್ಲಿ ಅಕ್ಕನಿಗೆ ಸೊಂಟ, ಬೆನ್ನಿನ ಮೂಳೆಯೆಲ್ಲ ಒಳಗಿನಿಂದ ಸಿಡಿಯುವ ನೋವು. ಆಮೇಲೆ ಯಂತ್ರದ ಮೂಲಕ ರಕ್ತ ಹಾಯಿಸಿ ಬೇಕಾದ ಕೋಶಗಳನ್ನಷ್ಟೇ ಸೋಸಿ ತೆಗೆಯುತ್ತಾರೆ. ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸಿಗಬೇಕು. ಅವನ್ನು ಹೆಪ್ಪುಗಟ್ಟಿಸಿಟ್ಟ ಮೇಲೆ ನಿಜವಾದ ಚಿಕಿತ್ಸೆ: ಭಾರೀ ಪ್ರಮಾಣದ ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧಿ, ಜೊತೆಗೆ ಮೊಲದ ರಕ್ತದಿಂದ ತಯಾರಿಸಿದ ಎಟಿಜಿ ಎಂಬ ಪ್ರತಿಕಾಯ. ದಾರಿ ತಪ್ಪಿದ ರೋಗನಿರೋಧಕ ಕೋಶಗಳನ್ನು ಇವು ಬಹುಪಾಲು ಅಳಿಸಿಹಾಕುತ್ತವೆ. ಎಟಿಜಿ ಹನಿಯುವಾಗ ಅಕ್ಕ ಮೂರು ಹೊದಿಕೆಯೊಳಗೂ ಗಡಗಡ ನಡುಗಿದಳು. ಸೈಕ್ಲೋಫಾಸ್ಫಮೈಡ್ ಮೂತ್ರಕೋಶವನ್ನು ಸುಡದಿರಲೆಂದು ರಾತ್ರಿಯಿಡೀ ಡ್ರಿಪ್; ಗಳಿಗೆಗೊಮ್ಮೆ ಎಬ್ಬಿಸಿ ಮೂತ್ರಕ್ಕೆ ಕಳಿಸುತ್ತಿದ್ದರು. ಕಾಲಲ್ಲಿ ಬಲವಿಲ್ಲದವಳನ್ನು ಹಾಗೆ ಎಬ್ಬಿಸಿ ನಡೆಸುವುದು ನನ್ನ ಕೆಲಸ.

ಆಮೇಲೆ ಮರಳಿ ಬರುವ ಸ್ಟೆಮ್ ಸೆಲ್‌ಗಳು ಖಾಲಿಯಾದ ಮಜ್ಜೆಯಲ್ಲಿ ನೆಲೆಯೂರಿ ರಕ್ತವನ್ನೂ ರೋಗನಿರೋಧಕ ವ್ಯವಸ್ಥೆಯನ್ನೂ ಮೊದಲಿನಿಂದ ಕಟ್ಟುತ್ತವೆ. ಅವು ನರವಾಗುವುದಿಲ್ಲ, ನರವನ್ನು ಹೊಲಿಯುವುದೂ ಇಲ್ಲ. ದಾಳಿ ನಿಂತರೆ ನರ ತಾನೇ ಚೇತರಿಸಿಕೊಳ್ಳಬೇಕು.

ಇಷ್ಟು ತಿಳಿದಿದ್ದರೆ, ‘ಒಂದೇ ದಿನದ ಸ್ಟೆಮ್ ಸೆಲ್ ಇಂಜೆಕ್ಷನ್, ಕೀಮೋ ಬೇಡ, ಅಡ್ಡಪರಿಣಾಮ ಇಲ್ಲ’ ಅನ್ನುವವರನ್ನು ಗುರುತಿಸುವುದು ಸುಲಭ. ಅಂಥ ಕ್ಲಿನಿಕ್ಕೊಂದರ ಪುಸ್ತಿಕೆ ನಮ್ಮ ಕೈಗೂ ಬಂದಿತ್ತು. ನಡೆಯಲಾಗದವರು ಓಡುವ ಚಿತ್ರಗಳು ಅದರ ತುಂಬ. ಸೋತು ಕೂತವರ ಆಸೆಯನ್ನು ಹೀಗೆ ಮಾರುವುದನ್ನು ಕಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಮ್ಮ ಡಾಕ್ಟರು ಹೇಳಿದ್ದು ಬೇರೆ ರೀತಿ. 2019ರಲ್ಲಿ ಪ್ರಕಟವಾದ ‘ಮಿಸ್ಟ್’ ಅಧ್ಯಯನದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮಿದುಳು, ಬೆನ್ನುಹುರಿಯ ಮಯಲಿನ್ ಮೇಲೆ ದಾಳಿಯಾಗುವ ಕಾಯಿಲೆ) ಇದ್ದ 110 ಜನರನ್ನು ಎರಡು ಗುಂಪು ಮಾಡಿದ್ದರು. ಕಸಿಯ ಗುಂಪಿನಲ್ಲಿ 3 ಜನರಿಗೆ, ಎಂಎಸ್‌ನ ಮಾಮೂಲಿ ಔಷಧಿಯ ಗುಂಪಿನಲ್ಲಿ 34 ಜನರಿಗೆ ಕಾಯಿಲೆ ಮುಂದುವರಿಯಿತು. ‘ಆದರೆ ಅದು ಎಂಎಸ್. ಸಿಐಡಿಪಿಗೆ ಅಂಥ ಹೋಲಿಕೆಯ ಆಧಾರ ನಮ್ಮ ಹತ್ರ ಇಲ್ಲ. ಬೇರೆ ದಾರಿಗಳು ಮುಗಿದಿವೆ ಅಂತ ಈ ದಾರಿ’ ಎಂದರು. ಸೋಂಕಿನಿಂದ ಜೀವಕ್ಕೇ ಅಪಾಯವಾಗಬಹುದು, ಮುಟ್ಟು ನಿಲ್ಲಬಹುದು, ಮುಂದೆ ಮಕ್ಕಳಾಗದೆ ಹೋಗಬಹುದು ಎಂಬುದನ್ನೂ ಅವಳ ಎದುರಿಗೇ ಹೇಳಿದರು. ಅಷ್ಟಕ್ಕೂ ಮೊದಲು ನ್ಯೂರೋಫ್ಯಾಸಿನ್-155 ಮುಂತಾದ ನರದ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳ ಪರೀಕ್ಷೆ ಮಾಡಿಸಿದ್ದರು. ಅವು ಇದ್ದರೆ ಕಾಯಿಲೆಯೇ ಬೇರೆ, ರಿಟುಕ್ಸಿಮಾಬ್ ಎಂಬ ಔಷಧಿಗೆ ಬಗ್ಗುವ ಸಾಧ್ಯತೆ ಹೆಚ್ಚು.

ಡೇ ಜೀರೋ ನಂತರದ ದಿನಗಳೇ ಕಷ್ಟದವು. ಬಿಳಿ ರಕ್ತಕಣ ಸೊನ್ನೆಯ ಹತ್ತಿರ. ಜ್ವರ ಬಂತು, ಆ್ಯಂಟಿಬಯೋಟಿಕ್ ಬದಲಾಯಿಸಿದರು, ಎರಡು ಸಲ ಪ್ಲೇಟ್‌ಲೆಟ್ ಏರಿಸಿದರು. ಬಾಚಣಿಗೆಯಲ್ಲಿ ಹಿಡಿಹಿಡಿ ಕೂದಲು ಬಂದಾಗ ಅಕ್ಕ ತಾನೇ ‘ಪೂರ್ತಿ ತೆಗೆಸಿಬಿಡು’ ಅಂದಳು. ನಾನು ದಿನಾ ಬೆಳಗ್ಗೆ ರಕ್ತಪರೀಕ್ಷೆಯ ಚೀಟಿಗಾಗಿ ನರ್ಸ್ ಮೇಜಿನ ಹತ್ತಿರ ನಿಲ್ಲುತ್ತಿದ್ದೆ. ಎರಡನೇ ವಾರದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 500 ದಾಟಿತು. ಮರುದಿನ, ಅದರ ಮರುದಿನವೂ ಇಳಿಯಲಿಲ್ಲ. ಆಗಲೇ ಡಾಕ್ಟರು ‘ಕಸಿ ಹಿಡಿದಿದೆ’ ಅಂದದ್ದು.

ಕಾಲು ಮಾತ್ರ ಅವಸರ ಮಾಡಲಿಲ್ಲ. ಒಳಗಿನ ತಂತುವೇ ಹಾಳಾಗಿದ್ದ ಕಡೆ ನರ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯಬೇಕು. ಮೊಣಕಾಲಿನಿಂದ ಪಾದ ಮುಟ್ಟಲು ವರ್ಷವೇ ಬೇಕಾಗುತ್ತದೆ. ಈಗ ಅಕ್ಕ ಗುಂಡಿ ಹಾಕಿಕೊಳ್ಳುತ್ತಾಳೆ, ಕಂಬಿ ಹಿಡಿಯದೆ ಮೆಟ್ಟಿಲು ಹತ್ತುತ್ತಾಳೆ. ಎಡಪಾದ ಇನ್ನೂ ಸ್ವಲ್ಪ ಜೋಲುತ್ತದೆ, ಅದಕ್ಕೊಂದು ಸ್ಪ್ಲಿಂಟ್ ಇದೆ. ಕಸಿಯಾದ ಮೇಲೆ ಐವಿಐಜಿ ಬೇಕಾಗಿಲ್ಲ. ಹಳೆಯ ಲಸಿಕೆಗಳಿಂದ ಬಂದಿದ್ದ ರಕ್ಷಣೆಯೂ ಕೀಮೋದಲ್ಲಿ ಬಹಳಷ್ಟು ಅಳಿಸಿಹೋಗಿರುವುದರಿಂದ, ಚಿಕ್ಕ ಮಕ್ಕಳಿಗೆ ಹಾಕುವ ಲಸಿಕೆಗಳನ್ನೆಲ್ಲ ಅವಳಿಗೆ ಮತ್ತೆ ಹಾಕುತ್ತಿದ್ದಾರೆ. ದಡಾರದ್ದು ಜೀವಂತ ವೈರಸ್‌ನ ಲಸಿಕೆಯಾದ್ದರಿಂದ ಕಸಿಯಾಗಿ ಎರಡು ವರ್ಷವಾದರೂ ಕಳೆಯಬೇಕು ಎಂದಿದ್ದಾರೆ. ಅದೊಂದು ಬಾಕಿ ಇದೆ.